ಹಳೇ ಪಿಸಿ ಗೇಮ್‌ಗಳನ್ನು ನಾನು ಎಲ್ಲಿ ಕೊಳ್ಳುತ್ತೇನೆ, ಯಾಕೆ

ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3 ಅಂತ ಒಂದು ಗೇಮ್ ಇದೆ, 1999ರದ್ದು. ನಾನು ಅದನ್ನು ಮೊದಲ ಸಲ ಆಡಿದ್ದು ದಾವಣಗೆರೆಯ ಒಂದು ಸೈಬರ್ ಸೆಂಟರ್‌ನಲ್ಲಿ, ಅಣ್ಣನ ಪಕ್ಕ ಕೂತು, ಗಂಟೆಗೆ 20 ರೂಪಾಯಿ ಕೊಟ್ಟು. ಒಂದೇ ಕಂಪ್ಯೂಟರ್‌ನಲ್ಲಿ ಇಬ್ಬರೂ ಸರದಿ ಮೇಲೆ ಆಡಬಹುದಿತ್ತು. ಒಬ್ಬರ ಮ್ಯಾಪ್ ಇನ್ನೊಬ್ಬರು ನೋಡಬಾರದು, ಹಾಗಾಗಿ ಅವನ ಸರದಿ ಬಂದಾಗಲೆಲ್ಲ ನಾನು ಗೋಡೆ ಕಡೆ ತಿರುಗಿ ಕೂರುತ್ತಿದ್ದೆ. ಕಳೆದ ದೀಪಾವಳಿಗೆ ಅಣ್ಣ ರಜಾ ಹಾಕಿ ಊರಿಗೆ ಬರ್ತೀನಿ ಅಂದ. ಅವನು ಬರುವ ಹೊತ್ತಿಗೆ ಈ ಗೇಮ್ ಕೊಂಡು ಲ್ಯಾಪ್‌ಟಾಪ್‌ಗೆ ಹಾಕಿಡಬೇಕು ಅಂತ ಹುಡುಕಲು ಕೂತೆ.

ಎರಡು ಕಡೆ ಸಿಕ್ಕಿತು. ಸ್ಟೀಮ್‌ನಲ್ಲಿ ಒಂದು, ಜಿಒಜಿಯಲ್ಲಿ ಒಂದು. ಎರಡೂ ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿಗಳು. ಸ್ಟೀಮ್‌ನಲ್ಲಿ ನನಗೆ ಆಗಲೇ ಅಕೌಂಟ್ ಇದೆ, ಯುಪಿಐನಲ್ಲಿ ದುಡ್ಡು ಕಟ್ಟಿದರೆ ಮುಗೀತು. ಕೊಂಡೇಬಿಡೋಣ ಅಂದುಕೊಂಡವನು ಯಾಕೋ ಒಂದು ನಿಮಿಷ ನಿಂತು ವಿವರ ಓದಿದೆ. ಅಲ್ಲಿ ನನಗೆ ಕಂಡದ್ದು 2015ರಲ್ಲಿ ಬಂದ ಎಚ್‌ಡಿ ಎಡಿಷನ್. ಚಿತ್ರಗಳನ್ನು ಹೊಸದಾಗಿ ಬರೆದಿದ್ದಾರೆ, ದೊಡ್ಡ ಸ್ಕ್ರೀನ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಮೂಲ ಗೇಮ್‌ಗೆ ಆಮೇಲೆ ಬಂದ ಎರಡು ಎಕ್ಸ್‌ಪ್ಯಾನ್ಷನ್‌ಗಳು, ಅಂದರೆ ಹೆಚ್ಚುವರಿ ಭಾಗಗಳು, ಅದರಲ್ಲಿ ಇಲ್ಲ, ಯಾಕಂದರೆ ಅವುಗಳ ಸೋರ್ಸ್ ಕೋಡ್ (ಗೇಮ್ ಬರೆದ ಮೂಲ ಪ್ರೋಗ್ರಾಂ) ಕಳೆದುಹೋಗಿತ್ತು. ಪ್ರತಿ ಸಲ ಹೊಸ ಮ್ಯಾಪ್ ಹುಟ್ಟಿಸಿಕೊಡುವ ರ‍್ಯಾಂಡಮ್ ಮ್ಯಾಪ್ ಸೌಲಭ್ಯವೂ ಇಲ್ಲ. ನಾನೂ ಅಣ್ಣನೂ ಆಡುತ್ತಿದ್ದದ್ದೇ ರ‍್ಯಾಂಡಮ್ ಮ್ಯಾಪ್! ಜಿಒಜಿಯಲ್ಲಿದ್ದದ್ದು ಕಂಪ್ಲೀಟ್ ಎಡಿಷನ್. ಮೂಲ ಗೇಮ್, ಎರಡೂ ಎಕ್ಸ್‌ಪ್ಯಾನ್ಷನ್, ಎಲ್ಲ ಒಟ್ಟಿಗೆ. ಗೇಮ್‌ಗೆ ಹೊಸದನ್ನು ಸೇರಿಸಲು ಅಭಿಮಾನಿಗಳು ಸೇರಿ ಮಾಡಿದ ಹಾರ್ನ್ ಆಫ್ ದಿ ಅಬಿಸ್ ಎಂಬ ಮಾಡ್ ಕೂಡ ಈ ಕಂಪ್ಲೀಟ್ ಆವೃತ್ತಿಯ ಮೇಲೇ ನಡೆಯುತ್ತದೆ, ಎಚ್‌ಡಿ ಎಡಿಷನ್ ಮೇಲೆ ನಡೆಯುವುದಿಲ್ಲ.

ಹೆಸರು ಒಂದೇ, ವಸ್ತು ಬೇರೆ. ಹೊಸ ಗೇಮ್ ಕೊಳ್ಳುವಾಗ ಈ ತೊಂದರೆ ಇಲ್ಲ, ಎಲ್ಲ ಅಂಗಡಿಯಲ್ಲೂ ಸಿಗೋದು ಒಂದೇ ಮಾಲು. ಹಳೇದರಲ್ಲಿ ಹಾಗಲ್ಲ. ಅದಕ್ಕೇ ಈಗ ನಾನು ಬೆಲೆ ಆಮೇಲೆ ನೋಡುತ್ತೇನೆ. ಮೊದಲು ನೋಡೋದು ಎರಡು ವಿಷಯ: ಇವರು ಮಾರುತ್ತಿರುವುದು ಯಾವ ಆವೃತ್ತಿ, ಮತ್ತು ನಾಳೆ ಈ ಅಂಗಡಿ ನನ್ನ ಕೈಗೆ ಸಿಗದಿದ್ದರೆ ಗೇಮ್ ಓಡುತ್ತದೋ ಇಲ್ಲವೋ.

ಎರಡನೇದು ನನಗೆ ಅಷ್ಟು ಮುಖ್ಯ ಆಗೋದಕ್ಕೆ ಕಾರಣ ಇದೆ. 2008ರಲ್ಲಿ ಮೊದಲ ಕೆಲಸ ಸಿಕ್ಕಿದಾಗ ಅಸಲಿ ಗೇಮ್ ಡಿಸ್ಕ್ ಒಂದು ಕೊಂಡೆ. ಅಲ್ಲಿವರೆಗೆ ಬರೀ ಕ್ರ್ಯಾಕ್ ಮಾಡಿದ ಸಿಡಿಗಳಲ್ಲೇ ಆಡಿದ್ದೆ. ಡಬ್ಬಿ ತೆರೆದಾಗ ಬಂದ ಆ ಹೊಸ ಪ್ಲಾಸ್ಟಿಕ್ ವಾಸನೆ ಇನ್ನೂ ನೆನಪಿದೆ. ವರ್ಷಗಳ ಮೇಲೆ ವಿಂಡೋಸ್ 10 ಹಾಕಿಸಿಕೊಂಡು ಅದೇ ಡಿಸ್ಕ್ ತೂರಿಸಿದರೆ ಗೇಮ್ ಶುರುವೇ ಆಗಲಿಲ್ಲ. ಆ ಕಾಲದ ಎಷ್ಟೋ ಡಿಸ್ಕ್‌ಗಳು ನಕಲು ತಡೆಯಲಿಕ್ಕೆ ಒಂದು ಡ್ರೈವರ್ ಮೇಲೆ ನಿಂತಿದ್ದವು, ಭದ್ರತೆಗೆ ತೊಂದರೆ ಅಂತ ವಿಂಡೋಸ್ 10ರಲ್ಲಿ ಆ ಡ್ರೈವರನ್ನೇ ಕೈಬಿಟ್ಟರು. ಡಿಸ್ಕ್‌ನಲ್ಲಿ ಒಂದು ಗೀರೂ ಇಲ್ಲ, ದುಡ್ಡು ಕೊಟ್ಟಿದ್ದೇನೆ, ಆದರೂ ಆಡೋಕೆ ಆಗಲಿಲ್ಲ. ತುಂಬಾ ಬೇಜಾರಾಯಿತು.

ಜಿಒಜಿ ನನಗೆ ಹಿಡಿಸಿದ್ದು ಇಲ್ಲೇ. ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ಕಂಪನಿ 2008ರಲ್ಲಿ ಇದನ್ನು ಶುರು ಮಾಡಿದಾಗ ಹೆಸರೇ ಗುಡ್ ಓಲ್ಡ್ ಗೇಮ್ಸ್. ಡಿಆರ್‌ಎಂ ಇಲ್ಲ, ಅಂದರೆ ನಕಲು ತಡೆಯುವ ಬೀಗ ಇಲ್ಲ. ಗೇಮ್ ಕೊಂಡ ಮೇಲೆ ಇನ್‌ಸ್ಟಾಲರ್ ಫೈಲನ್ನೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದು, ಅದನ್ನು ಓಡಿಸಲು ಲಾಗಿನ್ ಬೇಡ, ಇಂಟರ್‌ನೆಟ್ ಬೇಡ. ಗ್ಯಾಲಕ್ಸಿ ಅಂತ ಅವರದೇ ಒಂದು ಆಪ್ ಇದೆ, ಬೇಕಿದ್ದರೆ ಹಾಕಿಕೊಳ್ಳಿ, ನಾನು ಹಾಕಿಕೊಂಡಿಲ್ಲ. ಡಾಸ್ ಎಂಬ ಹಳೇ ಸಿಸ್ಟಂ ಕಾಲದ ಗೇಮ್ ಆದರೆ, ಅದನ್ನು ಈಗಿನ ಕಂಪ್ಯೂಟರ್‌ನಲ್ಲಿ ಓಡಿಸುವ ಡಾಸ್‌ಬಾಕ್ಸ್ ಪ್ರೋಗ್ರಾಂ ಜೊತೆಗೇ ಸೆಟ್ ಮಾಡಿ ಕೊಟ್ಟಿರುತ್ತಾರೆ. ಸಿಮ್‌ಸಿಟಿ 2000 ಹಾಗೆ ಬಂತು, ಐಕಾನ್ ಮೇಲೆ ಎರಡು ಸಲ ಒತ್ತಿದೆ, ಓಡಿತು. ಮೊದಲೆಲ್ಲ ಡಾಸ್‌ಬಾಕ್ಸ್‌ನಲ್ಲಿ ಡ್ರೈವ್ ಮೌಂಟ್ ಮಾಡಿ, ಸೌಂಡ್ ಕಾರ್ಡ್ ಆರಿಸಿ, ವೇಗ ಹೊಂದಿಸಿ ಅಂತ ಅರ್ಧ ಭಾನುವಾರ ಹೋಗುತ್ತಿತ್ತು.

ಇನ್ನೊಂದು ಖುಷಿ ಕೊಟ್ಟ ವಿಷಯ ಮ್ಯಾನ್ಯುಯಲ್. ಹೀರೋಸ್ 3 ಜೊತೆ ಅದರ ಪುಸ್ತಕ ಪಿಡಿಎಫ್ ಆಗಿ ಬಂತು. ಇಷ್ಟು ವರ್ಷ ಆಡಿದ ಗೇಮ್‌ಗೆ ಪುಸ್ತಕ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ, ನಮಗೆ ಸಿಗುತ್ತಿದ್ದದ್ದು ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದ ಬರೀ ಸಿಡಿ ಅಲ್ವಾ. ಒಂದು ರಾತ್ರಿ ಕೂತು ಪೂರ್ತಿ ಓದಿದೆ.

ಈಗ ಸ್ಟೀಮ್ ಬಗ್ಗೆ. ಅದನ್ನು ಬೇಡ ಅನ್ನುತ್ತಿಲ್ಲ, ನನ್ನ ಗೇಮ್‌ಗಳಲ್ಲಿ ಅರ್ಧ ಅಲ್ಲೇ ಇವೆ. 2015ರ ಕೊನೆಯಿಂದ ರೂಪಾಯಿಯಲ್ಲೇ ಬೆಲೆ ಇದೆ. ಜಿಒಜಿಯಲ್ಲಿ ನಾನು ಕಟ್ಟೋದು ಡಾಲರ್‌ನಲ್ಲಿ. ಅದಕ್ಕೆ ಬ್ಯಾಂಕ್ ಆಪ್‌ಗೆ ಹೋಗಿ ಕಾರ್ಡ್‌ನ ಇಂಟರ್‌ನ್ಯಾಷನಲ್ ವ್ಯವಹಾರ ಆನ್ ಮಾಡಬೇಕು, ಕೊಂಡಾದ ಮೇಲೆ ಮರೆಯದೇ ಆಫ್ ಮಾಡಬೇಕು. ಮೇಲೆ ಬ್ಯಾಂಕಿನವರ ಕರೆನ್ಸಿ ಮಾರ್ಕಪ್, ಅದಕ್ಕೆ ಜಿಎಸ್‌ಟಿ. ಹೀರೋಸ್ 3 ಸೇಲ್‌ನಲ್ಲಿ ಎರಡೂವರೆ ಡಾಲರ್‌ಗೆ ಸಿಕ್ಕಿದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ. ದೊಡ್ಡ ಮೊತ್ತ ಆದರೆ ಸೇರಿಸಿ ನೋಡಿಕೊಳ್ಳಿ.

ನಾಲ್ಕು ಜನ ಸೇರಿ ಆನ್‌ಲೈನ್‌ನಲ್ಲಿ ಆಡೋದಾದರೆ ಸ್ಟೀಮ್ ಬಿಟ್ಟು ನಾನು ಬೇರೆ ಕಡೆ ನೋಡಲ್ಲ. ಏಜ್ ಆಫ್ ಎಂಪೈರ್ಸ್ 2 ಕೂಡ 1999ರದ್ದೇ. ಆದರೆ ನಮ್ಮ ಗೆಳೆಯರ ಗುಂಪು ಶನಿವಾರ ರಾತ್ರಿ ಆಡೋದು 2019ರ ಡೆಫಿನಿಟಿವ್ ಎಡಿಷನ್. ಎದುರಾಳಿಗಳು ಅಲ್ಲಿದ್ದಾರೆ, ಹೊಸ ಎಕ್ಸ್‌ಪ್ಯಾನ್ಷನ್‌ಗಳೂ ಅದಕ್ಕೇ ಬರುತ್ತವೆ. 2022ರ ಡೈನಾಸ್ಟೀಸ್ ಆಫ್ ಇಂಡಿಯಾದಲ್ಲಿ ದ್ರಾವಿಡರೂ ಬಂದರು, ರಾಜೇಂದ್ರ ಚೋಳನ ಕಥೆಯೂ ಇದೆ. ಇಂಥ ಗೇಮ್‌ಗೆ ಇನ್‌ಸ್ಟಾಲರ್ ಎತ್ತಿಟ್ಟುಕೊಂಡು ಏನು ಮಾಡೋದು, ಜನ ಬೇಕು.

ಒಬ್ಬರೇ ಆಡುವ ಹಳೇ ಗೇಮ್‌ಗೆ ಮಾತ್ರ ಸ್ಟೀಮ್‌ನಲ್ಲಿ ಮೂರು ವಿಷಯ ನನಗೆ ಯೋಚನೆಗೆ ಹಚ್ಚುತ್ತವೆ. ಒಂದು, ವಿಂಡೋಸ್. ಸ್ಟೀಮ್‌ನ ಗೇಮ್‌ಗಳು ಹೆಚ್ಚಾಗಿ ಸ್ಟೀಮ್ ಆಪ್ ಮೂಲಕವೇ ಓಡುತ್ತವೆ. 2024ರ ಜನವರಿ 1ರಿಂದ ವಿಂಡೋಸ್ 7 ಮತ್ತು 8ಕ್ಕೆ ಸ್ಟೀಮ್ ಬೆಂಬಲ ನಿಲ್ಲಿಸಿತು. 2003ರ ಗೇಮ್ ಚೆನ್ನಾಗಿ ಓಡೋದು ಎಷ್ಟೋ ಸಲ ಅಂಥ ಹಳೇ ಮೆಷಿನ್‌ನಲ್ಲೇ. ಎರಡು, ತಾನಾಗೇ ಆಗುವ ಅಪ್‌ಡೇಟ್. 2018ರಲ್ಲಿ ಜಿಟಿಎ 4 ಗೇಮ್‌ನ ಕೆಲವು ರೇಡಿಯೋ ಹಾಡುಗಳ ಲೈಸೆನ್ಸ್ ಮುಗಿದು, ಆಗಲೇ ಕೊಂಡವರ ಗೇಮ್‌ನಿಂದಲೂ ಅಪ್‌ಡೇಟ್‌ನಲ್ಲಿ ಆ ಹಾಡು ತೆಗೆದರು. ನನ್ನ ಹಾರ್ಡ್ ಡಿಸ್ಕ್‌ನಲ್ಲಿರುವ ಜಿಒಜಿ ಇನ್‌ಸ್ಟಾಲರ್‌ನಿಂದ ಯಾರೂ ಏನೂ ತೆಗೆಯೋಕೆ ಆಗಲ್ಲ. ಮೂರನೇದು ರೀಫಂಡ್. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆ ಮೀರದಿದ್ದರೆ ದುಡ್ಡು ವಾಪಸ್. ಹೊಸ ಗೇಮ್‌ಗೆ ಇದು ಸಾಕು. ಹಳೇ ಗೇಮ್‌ನಲ್ಲಿ ರೆಸಲ್ಯೂಷನ್ ಸರಿ ಮಾಡಲು ತೆರೆಯೋದು, ಮುಚ್ಚೋದು, ಮತ್ತೆ ತೆರೆಯೋದು ಅಂತಲೇ ಒಂದು ಗಂಟೆ ಹೋಗಿರುತ್ತದೆ, ಆ ಗಂಟೆಯೂ ಲೆಕ್ಕಕ್ಕೆ ಸೇರುತ್ತದೆ. ಜಿಒಜಿಯಲ್ಲಿ 30 ದಿನ, ಆಡಿದ್ದರೂ ಪರವಾಗಿಲ್ಲ.

ಹಾಗಂತ ಜಿಒಜಿಯಲ್ಲಿ ಕೊಂಡರೂ ಕಾನೂನಿನ ಪ್ರಕಾರ ನಮಗೆ ಸಿಗೋದು ಲೈಸೆನ್ಸೇ. ವ್ಯತ್ಯಾಸ ಅಂದರೆ ಫೈಲ್ ನಮ್ಮ ಹತ್ತಿರ ಇರುತ್ತದೆ. ಮೊದಲ ಎರಡು ವಾರ್‌ಕ್ರಾಫ್ಟ್ ಗೇಮ್‌ಗಳನ್ನು 2024ರ ಡಿಸೆಂಬರ್‌ನಲ್ಲಿ ಜಿಒಜಿಯ ಮಾರಾಟದಿಂದ ತೆಗೆದರು, ಆದರೆ ಮೊದಲೇ ಕೊಂಡವರಿಗೆ ಇನ್‌ಸ್ಟಾಲರ್ ಹಾಗೇ ಉಳಿಯಿತು. ಬೇಕು ಅನ್ನಿಸಿದ ಹಳೇ ಗೇಮನ್ನು ಮುಂದಿನ ಸೇಲ್‌ಗೆ ಅಂತ ಎರಡು ವರ್ಷ ತಳ್ಳಬೇಡಿ ಅಂತ ನಾನು ಹೇಳೋದು ಅದಕ್ಕೇ.

ಕೊಳ್ಳುವ ಮುಂಚೆ ನಾನು ತಪ್ಪದೇ ನೋಡೋದು ಪಿಸಿಗೇಮಿಂಗ್‌ವಿಕಿ ಎಂಬ ವೆಬ್‌ಸೈಟ್. ಪ್ರತಿ ಗೇಮ್‌ಗೂ ಯಾವ ಅಂಗಡಿಯ ಪ್ರತಿಯಲ್ಲಿ ಯಾವ ಡಿಆರ್‌ಎಂ ಇದೆ ಅಂತ ಅಲ್ಲಿ ಹಾಕಿರುತ್ತಾರೆ. ಸ್ಟೀಮ್‌ನ ಕೆಲವು ಗೇಮ್‌ಗಳಿಗೂ ಬೀಗ ಇರಲ್ಲ, ಫೋಲ್ಡರ್ ಕಾಪಿ ಮಾಡಿದರೆ ಸ್ಟೀಮ್ ಇಲ್ಲದೇ ಓಡುತ್ತವೆ, ಅದೂ ಅಲ್ಲೇ ಗೊತ್ತಾಗುತ್ತದೆ. ಅಂಗಡಿಯ ರಿವ್ಯೂಗಳಲ್ಲಿ ನಾನು ಓದೋದು ಈ ವರ್ಷದವನ್ನು ಮಾತ್ರ. ಹತ್ತು ವರ್ಷದ ಹಿಂದೆ ಒಬ್ಬರಿಗೆ ಓಡಿತು ಅಂದರೆ ಇವತ್ತಿನ ವಿಂಡೋಸ್ 11ಕ್ಕೆ ಅದರಿಂದ ಏನೂ ತಿಳಿಯಲ್ಲ.

ಕೊಂಡ ದಿನವೇ ಇನ್ನೊಂದು ಕೆಲಸ ಮಾಡುತ್ತೇನೆ. ಇನ್‌ಸ್ಟಾಲರನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕುತ್ತೇನೆ. ದೊಡ್ಡ ಗೇಮ್ ಆದರೆ ಒಂದು ಸೆಟಪ್ ಫೈಲ್, ಜೊತೆಗೆ ಬಿನ್ ಅಂತ ಕೊನೆಯಾಗುವ ಕೆಲವು ತುಂಡುಗಳು ಬರುತ್ತವೆ, ಒಂದು ತುಂಡು ಬಿಟ್ಟುಹೋದರೂ ಇನ್‌ಸ್ಟಾಲ್ ಆಗಲ್ಲ, ಎಣಿಸಿಕೊಳ್ಳಿ. ಆಮೇಲೆ ಹಳೇ ವಿಂಡೋಸ್ 7 ಲ್ಯಾಪ್‌ಟಾಪ್ ತೆಗೆದು, ವೈಫೈ ಆಫ್ ಮಾಡಿ, ಆ ಡಿಸ್ಕ್‌ನಿಂದಲೇ ಇನ್‌ಸ್ಟಾಲ್ ಮಾಡಿ ಹತ್ತು ನಿಮಿಷ ಆಡಿ ನೋಡುತ್ತೇನೆ. ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆದು ಆ ಸೇವ್ ಲೋಡ್ ಆಗುತ್ತದಾ ಅಂತಲೂ ನೋಡುತ್ತೇನೆ. ಲೋಡ್ ಆಯಿತು ಅಂದರೆ ಗೇಮ್ ನನ್ನದು ಅಂತ ಸಮಾಧಾನ. ಇಷ್ಟು ಮಾಡಲು ಒಂದು ಸಂಜೆ ಸಾಕು.

ದೀಪಾವಳಿಯ ರಾತ್ರಿ ಅಣ್ಣನೂ ನಾನೂ ಹೀರೋಸ್ 3 ಹಚ್ಚಿ ಕೂತೆವು. ರ‍್ಯಾಂಡಮ್ ಮ್ಯಾಪ್, ಇಬ್ಬರೇ. ಎರಡು ಗಂಟೆಯಾದರೂ ಯಾರೂ ಗೆಲ್ಲಲಿಲ್ಲ. ಅತ್ತಿಗೆ ಬಂದು ಲೈಟ್ ಆರಿಸಿದ ಮೇಲೆ ಮುಚ್ಚಿದೆವು. ಏಳುವಾಗ ಅಣ್ಣ ಕೇಳಿದ, "ಮೋಸ್ಟ್ ವಾಂಟೆಡ್ ಇಲ್ವೇನೋ?"

ಇಲ್ಲ ಅಣ್ಣಾ ಅಂದೆ. ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್, ನಾವು ಆಡಿದ 2005ರದ್ದು, ಸ್ಟೀಮ್‌ನಲ್ಲೂ ಇಲ್ಲ, ಜಿಒಜಿಯಲ್ಲೂ ಇಲ್ಲ. ಅದೇ ಹೆಸರು ಅಂಗಡಿಯಲ್ಲಿ ಕಂಡರೆ ದುಡ್ಡು ಕಟ್ಟುವ ಮುಂಚೆ ವರ್ಷ ನೋಡಿ, ಅದು 2012ರ ಬೇರೆಯೇ ಗೇಮ್.