ಕಣ್ಣಿಗೆ ಕಾಣದ ಗ್ರಾಫ್ ಕಿವಿಗೂ ಬೆರಳಿಗೂ ದಕ್ಕುವಂತೆ ಮಾಡುವುದು ಹೇಗೆ?

ಮಂಡ್ಯ, ಮೈಸೂರು ಸೀಮೆಯಲ್ಲಿ ಮಳೆಗಾಲ ಶುರುವಾಯಿತೆಂದರೆ ಬೆಳಗಿನ ಪತ್ರಿಕೆಯಲ್ಲಿ ಜನ ಮೊದಲು ಹುಡುಕುವುದು ಕೆಆರ್‌ಎಸ್ ನೀರಿನ ಮಟ್ಟವನ್ನು. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ನಾಲ್ಕು ಸಾಲಿನ ಆ ಪುಟ್ಟ ಚೌಕ ಅಂತರ್ಜಾಲದಲ್ಲಿ ಅಕ್ಷರರೂಪದಲ್ಲಿದ್ದರೆ ಅಂಧ ಓದುಗರ ಮೊಬೈಲ್ ಅದನ್ನು ಸಲೀಸಾಗಿ ಓದಿ ಹೇಳುತ್ತದೆ. ಅದೇ ಅಂಕಿಗಳನ್ನು ಬಣ್ಣಬಣ್ಣದ ಗ್ರಾಫ್ ಮಾಡಿ ಹಾಕಿದ ದಿನ ಅದೇ ಮೊಬೈಲ್ ‘ಚಿತ್ರ’ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತದೆ. ಚಿತ್ರಕ್ಕೆ ಹೆಸರೂ ಕೊಟ್ಟಿರದಿದ್ದರೆ ಕಡತದ ಹೆಸರನ್ನೋ ಅದರ ಹಿಂದಿನ ಉದ್ದನೆಯ ಸಂಖ್ಯೆಯನ್ನೋ ಒಪ್ಪಿಸುತ್ತದೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿದೋಷವಿರುವವರು 50 ಲಕ್ಷಕ್ಕೂ ಹೆಚ್ಚು. ಅವರಲ್ಲಿ ರೈತರಿದ್ದಾರೆ, ಶಿಕ್ಷಕರಿದ್ದಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿದ್ದಾರೆ, ಬ್ಯಾಂಕ್ ನೌಕರರಿದ್ದಾರೆ. ಶಾಲೆಯ ಫಲಿತಾಂಶ, ಪಂಚಾಯಿತಿಯ ಖರ್ಚು, ಹಾಲಿನ ಸಂಘದ ವಾರ್ಷಿಕ ವರದಿ ಎಲ್ಲದರಲ್ಲೂ ಈಗ ಗ್ರಾಫ್ ಇರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಮುದ್ರಣ ಮತ್ತು ಎಲೆಕ್ಟ್ರಾನಿಕ್ ಮಾಧ್ಯಮದ ಮಾಹಿತಿ ಇವರಿಗೂ ಎಟುಕುವ ರೂಪದಲ್ಲಿರುವಂತೆ ನೋಡಿಕೊಳ್ಳಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. ಆದರೆ ಗ್ರಾಫ್ ಮಾಡುವವರು ನಾವು ನೀವು. ಹಾಗಾಗಿ ಕೆಲಸವೂ ನಮ್ಮ ಕೈಯಲ್ಲೇ ಇದೆ, ಅದು ಕಷ್ಟದ್ದೂ ಅಲ್ಲ.

ಮೊದಲು ಒಂದು ವಾಕ್ಯ ಬರೆಯಿರಿ

ಕಂಪ್ಯೂಟರ್ ತೆರೆಯುವ ಮೊದಲೇ ಈ ಗ್ರಾಫ್ ಯಾವ ಪ್ರಶ್ನೆಗೆ ಉತ್ತರ ಎಂದು ಕೇಳಿಕೊಳ್ಳಿ. ಉತ್ತರವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಬೇರೆ ಇಲ್ಲ. ವಾಕ್ಯ ಬರೆಯಲು ಆಗದಿದ್ದರೆ ಆ ಗ್ರಾಫ್ ಕಣ್ಣಿದ್ದವರಿಗೂ ಏನನ್ನೂ ಹೇಳುವುದಿಲ್ಲ.

ಉದಾಹರಣೆಗೆ, 2011ರ ಜನಗಣತಿಯಂತೆ ನಮ್ಮ ಸುತ್ತಲಿನ ನಾಲ್ಕು ಜಿಲ್ಲೆಗಳ ಜನಸಂಖ್ಯೆಯನ್ನು ಸ್ತಂಭ ನಕ್ಷೆಯಲ್ಲಿ ತೋರಿಸುತ್ತಿದ್ದೀರಿ ಎನ್ನೋಣ. ‘ನೀಲಿ ಬಣ್ಣದ ನಾಲ್ಕು ಕಂಬಗಳಿರುವ ಚಿತ್ರ, ಮೊದಲ ಕಂಬ ಎತ್ತರವಾಗಿದೆ’ ಎಂದು ಬರೆದರೆ ಕೇಳುವವರಿಗೆ ನಯಾಪೈಸೆಯ ಉಪಯೋಗವಿಲ್ಲ. ಹೀಗೆ ಬರೆಯಿರಿ: ‘ಸ್ತಂಭ ನಕ್ಷೆ, 2011ರಲ್ಲಿ ನಾಲ್ಕು ಜಿಲ್ಲೆಗಳ ಜನಸಂಖ್ಯೆ: ಮೈಸೂರು 30.01 ಲಕ್ಷ, ಮಂಡ್ಯ 18.06 ಲಕ್ಷ, ಹಾಸನ 17.76 ಲಕ್ಷ, ಚಾಮರಾಜನಗರ 10.21 ಲಕ್ಷ. ಮೈಸೂರಿನ ಜನಸಂಖ್ಯೆ ಚಾಮರಾಜನಗರದ ಸುಮಾರು ಮೂರು ಪಟ್ಟು. ಮಂಡ್ಯಕ್ಕೂ ಹಾಸನಕ್ಕೂ ಇರುವ ಅಂತರ ಮೂವತ್ತು ಸಾವಿರದಷ್ಟೂ ಇಲ್ಲ.’

ಕೊನೆಯ ಮಾತನ್ನು ಗಮನಿಸಿ. ಗ್ರಾಫ್‌ನಲ್ಲಿ ಮಂಡ್ಯ ಮತ್ತು ಹಾಸನದ ಕಂಬಗಳು ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಕಾಣುತ್ತವೆ. ಯಾವುದು ದೊಡ್ಡದು ಎಂದು ಹೇಳಲು ಕಣ್ಣಿದ್ದವರೂ ತಡವರಿಸಬೇಕು. ಬರೆದ ವಾಕ್ಯ ಅವರಿಗೂ ದಾರಿ ತೋರಿಸುತ್ತದೆ.

ಈ ವಾಕ್ಯವನ್ನು ಇಡುವ ಜಾಗಕ್ಕೆ ಆಲ್ಟ್ ಟೆಕ್ಸ್ಟ್ ಎನ್ನುತ್ತಾರೆ. ಚಿತ್ರದ ಬೆನ್ನಿಗೆ ಅಂಟಿಕೊಂಡಿರುವ, ಪರದೆಯಲ್ಲಿ ಕಾಣದ, ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ) ಮಾತ್ರ ಓದುವ ಬರಹ ಅದು. ಎಕ್ಸೆಲ್ ಅಥವಾ ವರ್ಡ್‌ನಲ್ಲಿ ಗ್ರಾಫ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೆ ಆಲ್ಟ್ ಟೆಕ್ಸ್ಟ್ ಎಂಬ ಆಯ್ಕೆ ಸಿಗುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಚಿತ್ರ ಆರಿಸಿಕೊಂಡು ಕಂಟ್ರೋಲ್, ಆಲ್ಟ್, ವೈ ಗುಂಡಿಗಳನ್ನು ಒಟ್ಟಿಗೆ ಒತ್ತಿ. ಬರಹ ಎರಡು ಮೂರು ವಾಕ್ಯ ಮೀರದಿರಲಿ. ಕೇಳುವವರು ನಡುವೆ ನಿಲ್ಲಿಸಿ ಒಂದೊಂದೇ ಪದ ಹಿಂದೆ ಹೋಗಿ ಕೇಳಲು ಅಲ್ಲಿ ಅನುಕೂಲ ಕಡಿಮೆ. ವಿವರ ಹೆಚ್ಚಿದ್ದರೆ ಗ್ರಾಫ್‌ನ ಕೆಳಗೆ ಎಲ್ಲರಿಗೂ ಕಾಣುವಂತೆ ಒಂದು ಪ್ಯಾರಾ ಬರೆದು, ‘ವಿವರ ಕೆಳಗಿದೆ’ ಎಂದು ಆಲ್ಟ್ ಟೆಕ್ಸ್ಟ್‌ನಲ್ಲಿ ಸೂಚಿಸಿ. ವಾಟ್ಸ್‌ಆ್ಯಪ್ ಗುಂಪಿಗೆ ಗ್ರಾಫ್ ಕಳಿಸುವಾಗ ಇದೇ ವಾಕ್ಯಗಳನ್ನು ಚಿತ್ರದ ಜೊತೆ ಶೀರ್ಷಿಕೆಯಾಗಿ ಹಾಕಿದರೆ ಸಾಕು.

‘ಮೇಲೆ’ ಎಂದರೆ ಎಷ್ಟು ಅಡಿ?

ಗೆರೆ ನಕ್ಷೆಯನ್ನು ಮಾತಿನಲ್ಲಿ ಹೇಳುವುದಕ್ಕೆ ಹೆಚ್ಚು ಎಚ್ಚರ ಬೇಕು. ಮದ್ದೂರು ಕಡೆಯ ಕಾನೂನು ವಿದ್ಯಾರ್ಥಿಯೊಬ್ಬರು ನನ್ನ ಪಕ್ಕದಲ್ಲಿ ಕುಳಿತು, ಎರಡು ವರ್ಷಗಳ ಅಣೆಕಟ್ಟೆ ಮಟ್ಟವನ್ನು ಹೋಲಿಸುವ ವರದಿಯೊಂದನ್ನು ಲ್ಯಾಪ್‌ಟಾಪ್‌ನಲ್ಲಿ ಕೇಳಿಸಿಕೊಳ್ಳುತ್ತಿದ್ದರು. ‘ಹಸಿರು ಗೆರೆ ಕೆಂಪು ಗೆರೆಗಿಂತ ಮೇಲಿದೆ’ ಎಂದು ಯಂತ್ರದ ದನಿ ಹೇಳಿತು. ಅವರು ಅಲ್ಲೇ ನಿಲ್ಲಿಸಿ, “ಸರ್, ಹಸಿರು ಯಾವ ವರ್ಷ? ಮೇಲೆ ಎಂದರೆ ಎಷ್ಟು ಅಡಿ ಮೇಲೆ? ಯಾವ ತಿಂಗಳಲ್ಲಿ?” ಎಂದು ಕೇಳಿದರು. ಗೆರೆ ನಕ್ಷೆಯ ಯಾವುದೇ ವಿವರಣೆ ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲೇಬೇಕು.

ಬಣ್ಣದ ಹೆಸರಿನ ಬದಲು ವರ್ಷದ ಹೆಸರು ಹೇಳಿ. ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ತುದಿ ಮುಟ್ಟಿತು, ಎಲ್ಲಿ ತೀರಾ ಕೆಳಗಿಳಿಯಿತು, ಎಲ್ಲಿ ಮುಗಿಯಿತು ಎಂಬ ನಾಲ್ಕು ಬಿಂದುಗಳನ್ನು ತಿಂಗಳು ಮತ್ತು ಅಂಕಿ ಸಮೇತ ಕೊಡಿ. ಆಮೇಲೆ ಕಥೆಯ ತಿರುಳು: ‘2024ರ ಜುಲೈ ಕೊನೆಯ ಹೊತ್ತಿಗೆ ಕೆಆರ್‌ಎಸ್ ತುಂಬಿ ಬಾಗಿನ ಅರ್ಪಿಸಲಾಯಿತು, ಬರ ಬಿದ್ದ 2023ರಲ್ಲಿ ಅದು ತುಂಬಲೇ ಇಲ್ಲ.’ ಎರಡು ಗೆರೆಗಳ ನಡುವಿನ ಅಂತರದ ಅರ್ಥ ಇದು.

ಅಳತೆಪಟ್ಟಿಯ ಬಗ್ಗೆಯೂ ಒಂದು ಮಾತು ಬೇಕೇ ಬೇಕು. ಲಂಬ ಅಕ್ಷ ಸೊನ್ನೆಯಿಂದ ಶುರುವಾಗದೆ 80 ಅಡಿಯಿಂದ ಶುರುವಾಗಿದ್ದರೆ ಅದನ್ನು ಹೇಳಿ. ಏಕಮಾನ ಬಿಡಬೇಡಿ. ಕೆಆರ್‌ಎಸ್ ಮಟ್ಟ ಅಡಿಯಲ್ಲಿ, ಸಂಗ್ರಹ ಟಿಎಂಸಿಯಲ್ಲಿ; 124.80 ಅಡಿಗೆ ಒಟ್ಟು ಸಾಮರ್ಥ್ಯ ಸುಮಾರು 49.45 ಟಿಎಂಸಿ. ಜಲಾಶಯ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ತುದಿಯ ಹತ್ತು ಅಡಿಯಲ್ಲಿ ನಿಲ್ಲುವ ನೀರು ತಳದ ಹತ್ತು ಅಡಿಯ ನೀರಿಗಿಂತ ಎಷ್ಟೋ ಹೆಚ್ಚು. ಅಡಿಯ ಗ್ರಾಫನ್ನು ನೀರಿನ ಪ್ರಮಾಣದ ಗ್ರಾಫ್ ಎಂದುಕೊಂಡವರು ನಾಲೆಯ ನೀರಿನ ಲೆಕ್ಕದಲ್ಲಿ ಎಡವುತ್ತಾರೆ.

ಅಂಕಿಗಳ ಕೋಷ್ಟಕ ಜೊತೆಗಿರಲಿ

ವಿವರಣೆ ನಿಮ್ಮ ತೀರ್ಮಾನ. ಓದುಗರು ತಮ್ಮದೇ ತೀರ್ಮಾನಕ್ಕೆ ಬರಬೇಕಾದರೆ ಅವರಿಗೆ ಅಂಕಿಗಳೇ ಸಿಗಬೇಕು. ಗ್ರಾಫ್ ಹುಟ್ಟಿದ್ದೇ ಕೋಷ್ಟಕದಿಂದ. ಅದನ್ನು ಕೆಳಗೆ ಅಂಟಿಸಲು ಎರಡು ನಿಮಿಷವೂ ಬೇಡ. ಮೊದಲ ಸಾಲನ್ನು ಶೀರ್ಷಿಕೆ ಸಾಲು ಎಂದು ಗುರುತಿಸಿ, ಏಕಮಾನವನ್ನು ಅಲ್ಲೇ ಬರೆಯಿರಿ. ಕೋಷ್ಟಕದ ಮನೆಗಳನ್ನು (ಸೆಲ್‌ಗಳನ್ನು) ಒಂದಕ್ಕೊಂದು ಸೇರಿಸಿ ಅಗಲ ಮಾಡಬೇಡಿ, ಸ್ಕ್ರೀನ್ ರೀಡರ್ ಯಾವ ಅಂಕಿ ಯಾವ ಕಾಲಮ್ಮಿನದು ಎಂದು ದಾರಿ ತಪ್ಪುತ್ತದೆ. ಖಾಲಿ ಮನೆಯಲ್ಲಿ ಗೀಟು ಎಳೆಯುವ ಬದಲು ‘ಮಾಹಿತಿ ಇಲ್ಲ’ ಎಂದು ಬರೆಯಿರಿ. ಕೋಷ್ಟಕದ ಫೋಟೊ ತೆಗೆದು ಹಾಕಿದರೆ ಅದು ಮತ್ತೊಂದು ಚಿತ್ರವಷ್ಟೇ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತೊಡಕಿದೆ, ಇದರ ಬಗ್ಗೆ ನನಗೆ ನಿಜಕ್ಕೂ ಸಂಕಟವಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ಕಚೇರಿಗಳಲ್ಲಿ ಈಗಲೂ ಓಡಾಡುತ್ತಿವೆ. ಪರದೆಯಲ್ಲಿ ಅಚ್ಚುಕಟ್ಟಾದ ಕನ್ನಡ ಕಾಣುತ್ತದೆ, ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸರಮಾಲೆ. ಸ್ಕ್ರೀನ್ ರೀಡರ್ ಓದುವುದು ಒಳಗಿರುವುದನ್ನು. ನೀವು ಎಷ್ಟೇ ಮನಸ್ಸಿಟ್ಟು ವಿವರಣೆ ಬರೆದಿದ್ದರೂ ಅದು ಕೇಳುವವರ ಕಿವಿಗೆ ಬರೀ ಗದ್ದಲ. ಬರಹವೆಲ್ಲ ಯೂನಿಕೋಡ್‌ನಲ್ಲೇ, ಅಂದರೆ ಯಂತ್ರವೂ ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತದಲ್ಲೇ ಇರಲಿ. ಹಳೆಯ ಕಡತಗಳನ್ನು ಬದಲಾಯಿಸಲು ಪರಿವರ್ತಕ ತಂತ್ರಾಂಶಗಳಿವೆ. ಸಹಿ, ಮೊಹರು ಬೇಕೆಂದು ಕಾಗದವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕುವವರು ಮೂಲ ಕಡತವನ್ನೂ ಜೊತೆಗೆ ಹಾಕಬೇಕು.

ಮಸುಕಾಗಿ ಕಾಣುವವರಿಗೆ

ದೃಷ್ಟಿದೋಷವಿರುವವರಲ್ಲಿ ತುಂಬಾ ಜನರಿಗೆ ಅಷ್ಟೋ ಇಷ್ಟೋ ಕಾಣುತ್ತದೆ. ಕಣ್ಣಿನ ಪೊರೆ ಬಂದವರಿಗೆ ಎಲ್ಲವೂ ಮಬ್ಬು, ಗ್ಲಾಕೋಮಾ ಇರುವವರಿಗೆ ಬದಿಯ ನೋಟ ಕಡಿಮೆ, ಮಧುಮೇಹದಿಂದ ಅಕ್ಷಿಪಟಲ ಕೆಟ್ಟವರಿಗೆ ನಡುನಡುವೆ ಕಪ್ಪು ಕಲೆ. ಇವರು ಪರದೆಯನ್ನು ಮೂರು ನಾಲ್ಕು ಪಟ್ಟು ಹಿಗ್ಗಿಸಿಕೊಂಡು ನೋಡುತ್ತಾರೆ. ಹಿಗ್ಗಿಸಿದಾಗ ಗ್ರಾಫ್‌ನ ಒಂದು ಮೂಲೆ ಮಾತ್ರ ಕಣ್ಣ ಮುಂದಿರುತ್ತದೆ. ಬಲಮೂಲೆಯಲ್ಲಿ ನೀವು ಇಟ್ಟ ಬಣ್ಣಗಳ ಸೂಚಿ ಪರದೆಯಿಂದಾಚೆ ಹೋಗಿರುತ್ತದೆ. ಗೆರೆಗೂ ಸೂಚಿಗೂ ನಡುವೆ ಓಡಾಡುವಷ್ಟರಲ್ಲಿ ಯಾವ ಬಣ್ಣ ಎಂಬುದೇ ಮರೆತುಹೋಗುತ್ತದೆ. ಆದ್ದರಿಂದ ಸೂಚಿಯನ್ನೇ ಕೈಬಿಡಿ. ಗೆರೆಯ ತುದಿಯಲ್ಲೇ ‘2023’, ‘2024’ ಎಂದು ಬರೆಯಿರಿ, ಕಂಬದ ತಲೆಯ ಮೇಲೆಯೇ ಅಂಕಿ ಹಾಕಿ.

ಒಂದು ಬಣ್ಣ ಇನ್ನೊಂದಕ್ಕಿಂತ ಎಷ್ಟು ಪಟ್ಟು ತಿಳಿಯಾಗಿರಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ಜಾಲತಾಣ ಮಾನದಂಡದಲ್ಲಿ ಅಳತೆಯಿದೆ. ಹಿನ್ನೆಲೆಗೂ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಕನಿಷ್ಠ 4.5ಕ್ಕೆ 1, ಗೆರೆ ಅಥವಾ ಕಂಬಕ್ಕೆ ಕನಿಷ್ಠ 3ಕ್ಕೆ 1. ಬಿಳಿಯ ಮೇಲೆ ಕಪ್ಪು 21ಕ್ಕೆ 1. ಬಿಳಿಯ ಮೇಲೆ ಅಚ್ಚ ಹಳದಿ 1.07ಕ್ಕೆ 1, ಅಂದರೆ ಇಲ್ಲದ ಹಾಗೆಯೇ. ರಾಜ್ಯೋತ್ಸವದ ಕಾಲಕ್ಕೆ ನಾವು ಪ್ರೀತಿಯಿಂದ ಬಳಸುವ ಅಚ್ಚ ಹಳದಿಯ ಮೇಲಿನ ಅಚ್ಚ ಕೆಂಪು 3.7ಕ್ಕೆ 1ರ ಆಸುಪಾಸಿನಲ್ಲಿದೆ: ಕಂಬಕ್ಕೆ ನಡೆಯುತ್ತದೆ, ಸಣ್ಣ ಅಕ್ಷರಕ್ಕೆ ಸಾಲದು. ಕೆಂಪನ್ನು ಇನ್ನಷ್ಟು ಗಾಢ ಮಾಡಿದರೆ ಸರಿಹೋಗುತ್ತದೆ. ಲೆಕ್ಕ ಹಾಕಿ ಹೇಳುವ ಉಚಿತ ಸಾಧನಗಳು ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತವೆ.

ವರ್ಣಾಂಧತೆ ಇರುವ ಹೆಚ್ಚಿನವರಿಗೆ ಕೆಂಪು ಹಸಿರು ಬೆರೆತುಹೋಗುತ್ತವೆ. ಆ ಜೋಡಿ ಬಿಟ್ಟು ನೀಲಿ ಮತ್ತು ಕಿತ್ತಳೆ ಬಳಸಿ. ಹೆಚ್ಚು ಬಣ್ಣ ಬೇಕಿದ್ದರೆ ಜಪಾನಿನ ಒಕಾಬೆ ಮತ್ತು ಇಟೊ ಎಂಬ ವಿಜ್ಞಾನಿಗಳು ಆರಿಸಿಕೊಟ್ಟ ಎಂಟು ಬಣ್ಣಗಳ ಪಟ್ಟಿ ಇದೆ. ಬಣ್ಣದ ಜೊತೆಗೆ ಒಂದು ಗೆರೆ ತುಂಡುತುಂಡಾಗಿ, ಇನ್ನೊಂದು ಅಖಂಡವಾಗಿ ಇರಲಿ. ಕಪ್ಪುಬಿಳುಪಿನಲ್ಲಿ ಜೆರಾಕ್ಸ್ ತೆಗೆಸಿ ನೋಡಿ; ಗುರುತು ಸಿಕ್ಕಿದರೆ ಗೆದ್ದಿರಿ. ಮೂರು ಆಯಾಮದ ಕಂಬಗಳು, ಆರೇಳು ತುಂಡುಗಳ ವೃತ್ತ ನಕ್ಷೆ ಬೇಡವೇ ಬೇಡ.

ಬೆರಳಿಗೆ ಸಿಗುವ ಗ್ರಾಫ್

ಗ್ರಾಫ್‌ನ ಆಕಾರವನ್ನೇ ತಿಳಿಯಬೇಕಾದ ಮಕ್ಕಳಿಗೆ, ಮುಖ್ಯವಾಗಿ ಗಣಿತ ಕಲಿಯುವವರಿಗೆ, ಮಾತು ಸಾಲದು. ಮೈಸೂರಿಗೆ ಈ ವಿಷಯದಲ್ಲಿ ಹಳೆಯ ನಂಟಿದೆ: ತಿಲಕನಗರದ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಆರಂಭವಾದದ್ದು 1901ರಲ್ಲಿ, ಸರ್ಕಾರಿ ಬ್ರೈಲ್ ಮುದ್ರಣಾಲಯವೂ ಈ ಊರಿನಲ್ಲೇ ಇದೆ. ಬಿಸಿ ತಾಗಿದರೆ ಕಪ್ಪು ಗೆರೆ ಉಬ್ಬುವ ವಿಶೇಷ ಕಾಗದ, ಬ್ರೈಲ್ ಮುದ್ರಣ ಯಂತ್ರ ಮುಂತಾದವು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಮನೆಯಲ್ಲೇ ಮಾಡಬಹುದು.

ದಪ್ಪ ಡ್ರಾಯಿಂಗ್ ಹಾಳೆ, ಗೋಂದು, ದಪ್ಪ ದಾರ, ಸ್ಯಾಂಡ್ ಪೇಪರ್, ಹಣೆಗಿಡುವ ಸ್ಟಿಕರ್, ಟೈಲರ್‌ಗಳು ಬಟ್ಟೆಗೆ ಗುರುತು ಹಾಕುವ ಹಲ್ಲಿನ ಚಕ್ರ ತೆಗೆದುಕೊಳ್ಳಿ. ಎರಡು ಅಕ್ಷಗಳಿಗೆ ತೆಳು ದಾರ, ದತ್ತಾಂಶದ ಗೆರೆಗೆ ದಪ್ಪ ದಾರ, ಪ್ರತಿ ತಿಂಗಳ ಬಿಂದುವಿಗೆ ಒಂದು ಸ್ಟಿಕರ್, ಕಂಬಗಳಿಗೆ ಸ್ಯಾಂಡ್ ಪೇಪರ್. ಒಳಗಿನ ಚೌಕಳಿ ಗೆರೆಗಳನ್ನು ಹಲ್ಲಿನ ಚಕ್ರದಿಂದ ಎಳೆಯಿರಿ. ಹಾಳೆಯ ಕೆಳಗೆ ಮೆತ್ತನೆಯ ರಬ್ಬರ್ ಅಥವಾ ಮಡಿಸಿದ ಬಟ್ಟೆ ಇಟ್ಟು ಚಕ್ರ ಉರುಳಿಸಿದರೆ ಚುಕ್ಕಿಗಳು ಏಳುವುದು ಹಾಳೆಯ ಇನ್ನೊಂದು ಬದಿಯಲ್ಲಿ. ಅಂದರೆ ಹಿಂಬದಿಯಿಂದ ಎಳೆಯಬೇಕು, ಎಡಬಲ ಅದಲುಬದಲಾಗಿರಬೇಕು. ಜೂನ್‌ನಿಂದ ಏರುವ ಗೆರೆಯ ಚೌಕಳಿಯನ್ನು ಎಳೆಯುವಾಗ ಜೂನ್ ನಿಮ್ಮ ಬಲಗೈ ಕಡೆ ಬರುತ್ತದೆ. ಸ್ಲೇಟು (ಕಾಗದ ಹಿಡಿಯುವ ಕಿಂಡಿಗಳ ಪಟ್ಟಿ) ಮತ್ತು ಮೊಳೆ ಹಿಡಿದು ಬ್ರೈಲ್ ಬರೆಯುವವರು ಬಲದಿಂದ ಎಡಕ್ಕೆ ಬರೆಯುವುದೂ ಇದೇ ಕಾರಣಕ್ಕೆ.

ಬೆರಳು ಕಣ್ಣಿನಷ್ಟು ಸೂಕ್ಷ್ಮವಾಗಿ ಬಿಡಿಸಿ ನೋಡಲಾರದು. ಎರಡು ಗೆರೆಗಳ ನಡುವೆ ಬೆರಳ ತುದಿ ಆಡುವಷ್ಟು ಜಾಗ ಬಿಡಿ. ಒಂದು ಹಾಳೆಯಲ್ಲಿ ಎರಡು ಗೆರೆಗಿಂತ ಹೆಚ್ಚು ಹಾಕಬೇಡಿ. ಬ್ರೈಲ್ ಚುಕ್ಕಿಗಳ ಅಂತರ ಸುಮಾರು ಎರಡೂವರೆ ಮಿಲಿಮೀಟರ್. ಅದನ್ನು ಚಿಕ್ಕದು ಮಾಡಲು ಬರುವುದಿಲ್ಲ. ‘ಚಾಮರಾಜನಗರ’ ಎಂದು ಕಂಬದ ಬುಡದಲ್ಲಿ ಪೂರ್ತಿ ಬರೆಯಲು ಜಾಗವೇ ಸಾಲದು. ಒಂದೊಂದು ಅಕ್ಷರ ಇಟ್ಟು ಪೂರ್ಣ ಹೆಸರನ್ನು ಬೇರೆ ಹಾಳೆಯಲ್ಲಿ ಕೊಡಿ. ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಲ್ಲಿ ಹಲವರಿಗೆ ಬ್ರೈಲ್ ಬರುವುದಿಲ್ಲ ಎಂಬುದೂ ನೆನಪಿರಲಿ. ಅವರಿಗೆ ಪಕ್ಕದಲ್ಲಿ ಕುಳಿತು, ಕೈ ಎಳೆಯದೆ, ಬೆರಳು ಎಲ್ಲಿದೆಯೋ ಅಲ್ಲಿ ಏನಿದೆ ಎಂದು ಬಾಯಲ್ಲಿ ಹೇಳಿ.

ಪರೀಕ್ಷಿಸಿ

ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಹಾಕಿಕೊಂಡು, ಪರದೆಯ ಬೆಳಕು ಆರಿಸಿ, ನಿಮ್ಮ ಜಾಲಪುಟ ತೆರೆಯಿರಿ. ‘ಜಿ’ ಗುಂಡಿ ಒತ್ತಿದರೆ ಮುಂದಿನ ಚಿತ್ರಕ್ಕೆ, ‘ಟಿ’ ಒತ್ತಿದರೆ ಮುಂದಿನ ಕೋಷ್ಟಕಕ್ಕೆ ಹೋಗುತ್ತದೆ. ಕಂಟ್ರೋಲ್, ಆಲ್ಟ್ ಹಿಡಿದು ಬಾಣದ ಗುಂಡಿ ಒತ್ತಿದರೆ ಕೋಷ್ಟಕದ ಒಂದೊಂದೇ ಮನೆಯನ್ನು ಓದುತ್ತದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಮೊದಲೇ ಇರುತ್ತವೆ. ಅಂಕಿ ಏರಿದಂತೆ ಸ್ವರ ಏರುವ ಧ್ವನಿ ಗ್ರಾಫ್ ಸೌಲಭ್ಯ 2021ರಿಂದ ಐಫೋನಿನಲ್ಲಿದೆ, ಅದನ್ನು ಅಳವಡಿಸಿಕೊಂಡ ಆ್ಯಪ್‌ಗಳಲ್ಲಿ ಮಾತ್ರ.

ಕಣ್ಣು ಮುಚ್ಚಿಕೊಂಡು ನೀವು ಮಾಡುವ ಪರೀಕ್ಷೆ ಅರ್ಧ ಮಾತ್ರ. ಉತ್ತರ ನಿಮಗೆ ಮೊದಲೇ ಗೊತ್ತಿರುತ್ತದೆ. ದಿನವೂ ಸ್ಕ್ರೀನ್ ರೀಡರ್ ಬಳಸುವ ಒಬ್ಬರಿಗೆ ಕೊಡಿ. ‘ಚೆನ್ನಾಗಿದೆಯೇ?’ ಎಂದು ಕೇಳಿದರೆ ನಮ್ಮ ಜನ ಸಂಕೋಚಕ್ಕೆ ಹೌದು ಎಂದುಬಿಡುತ್ತಾರೆ. ‘ಮಂಡ್ಯ, ಹಾಸನದಲ್ಲಿ ಜನಸಂಖ್ಯೆ ಎಲ್ಲಿ ಹೆಚ್ಚು, ಎಷ್ಟು ಹೆಚ್ಚು?’ ಎಂದು ಕೇಳಿ, ಅವರು ಉತ್ತರ ಹುಡುಕುವಾಗ ಎಲ್ಲಿ ತಡೆಯುತ್ತಾರೆ ಎಂದು ಗುರುತು ಹಾಕಿಕೊಂಡು ಅಲ್ಲಿ ತಿದ್ದಿ. ಸಂಸ್ಥೆಯ ಕೆಲಸವಾದರೆ ಅವರ ಸಮಯಕ್ಕೆ ಸಂಭಾವನೆಯನ್ನು ಮೊದಲೇ ಗೊತ್ತುಮಾಡಿ, ವರದಿಯ ಖರ್ಚಿನಲ್ಲಿ ಸೇರಿಸಿ.