ಕಾಸರಗೋಡಿನ ಮಳೆಗೆ ಹಲಸಿನ ಹಲಗೆಯ ನೆಲ: ನನ್ನ ಅನುಭವ

ಕೋಣೆಗೆ ಮರದ ನೆಲ ಹಾಕುತ್ತೇನೆ ಅಂದಾಗ ಬಂದವರೆಲ್ಲ ಕೇಳಿದ್ದು ಒಂದೇ: "ನಮ್ಮ ಮಳೆಗೆ ಅದೆಲ್ಲ ಆಗುವುದುಂಟಾ?" ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಿಲ್ಲೆ ನಮ್ಮದು. ಕೇಳಿದ್ದು ತಪ್ಪಲ್ಲ. ಆದರೆ ಇದೇ ಊರಿನ ಹಳೆಯ ಮನೆಗಳ ಉಪ್ಪರಿಗೆ ಹತ್ತಿ ನೋಡಿ. ಮುಚ್ಚಿಗೆಯ (ಮರದ ಅಟ್ಟದ) ಹಲಗೆಗಳು ಅಜ್ಜನ ಕಾಲದಿಂದ ಹಾಗೇ ಇವೆ. ಮಳೆಗಾಲದ ತಂಡಿ (ತೇವ) ಅವಕ್ಕೂ ತಪ್ಪಿದ್ದಲ್ಲ. ಆದರೆ ಮಣ್ಣು ತಾಗುವುದಿಲ್ಲ, ಅಡಿಯಲ್ಲಿ ಗಾಳಿ ಆಡುತ್ತದೆ. ಹಾಗಾದರೆ ಕೆಳಗಿನ ಕೋಣೆಯ ಹಲಗೆಗೂ ಉಪ್ಪರಿಗೆಯ ಸ್ಥಿತಿಯನ್ನೇ ಮಾಡಿಕೊಟ್ಟರೆ ಆಯಿತಲ್ಲ? ನಾನು ಮಾಡಿದ್ದು ಅಷ್ಟೇ.

ಬದಿಯಡ್ಕದ ಹತ್ತಿರ ನಮ್ಮದು ಕೆಂಪುಕಲ್ಲಿನ ಹಳೆಯ ಮನೆ. ಮಗಳು ಯಕ್ಷಗಾನದ ಹೆಜ್ಜೆ ಕಲಿಯುತ್ತಿದ್ದಾಳೆ. ಸಿಮೆಂಟಿನ ನೆಲದ ಮೇಲೆ ದಿನಾ ಹಾರಿ ಸುತ್ತುವ ಧೀಂಗಣ ಕುಣಿದರೆ ಕಾಲುಗಂಟಿಗೆ ಪೆಟ್ಟು. ಅವಳ ಅಭ್ಯಾಸಕ್ಕೆಂದು ಜಗಲಿ ಪಕ್ಕದ ಕೋಣೆಯನ್ನು ಆರಿಸಿದೆ. ನೆಲಕ್ಕೆ ಕಾವಿ ಬಳಿದ ಹಳೆಯ ಗಾರೆ, ಅದರ ಅಡಿಯಲ್ಲಿ ಮಣ್ಣು.

ಮೊದಲು ನೆಲದ ತೇವ ಪರೀಕ್ಷೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹರಡಿ, ನಾಲ್ಕೂ ಅಂಚಿಗೆ ಟೇಪ್ ಒತ್ತಿ ಅಂಟಿಸಬೇಕು. ಕಡಿಮೆ ಅಂದರೆ 16 ಗಂಟೆ ಬಿಡಬೇಕು. ನಾನು ಸಂಜೆ ಅಂಟಿಸಿ ಮಾರನೇ ದಿನ ಮಧ್ಯಾಹ್ನ ಬಿಚ್ಚಿದೆ. ಹಾಳೆಯ ಒಳಮೈಯಲ್ಲಿ ಹನಿ ಕೂತಿತ್ತು, ಕಾವಿಯ ಬಣ್ಣ ಅಷ್ಟು ಚೌಕದಲ್ಲಿ ಮಾತ್ರ ಗಾಢವಾಗಿತ್ತು. ಇದು ಆಟಿ ತಿಂಗಳ (ಜುಲೈ-ಆಗಸ್ಟ್) ಮಾತು. ಅದೇ ಜಾಗದಲ್ಲಿ ಬೇಸಗೆಯಲ್ಲಿ ನೋಡಿದರೆ ಹಾಳೆ ಒಣಗಿಯೇ ಇತ್ತು. ಆದ್ದರಿಂದ ನಮ್ಮ ಕಡೆಯವರು ಈ ಪರೀಕ್ಷೆಯನ್ನು ಮಳೆಗಾಲದಲ್ಲೇ ಮಾಡಬೇಕು. ಮಾರ್ಚ್ ತಿಂಗಳಲ್ಲಿ ಮಾಡಿ ನೆಲ ಒಣಗಿದೆ ಅಂತ ನಂಬಿದರೆ ಜೂನ್‌ನಲ್ಲಿ ಹಲಗೆ ಎದ್ದು ಬರುತ್ತದೆ.

ನೀರು ಎಲ್ಲಿಂದ ಬರುತ್ತದೆ ಅಂತ ಹುಡುಕಲು ಮನೆಯ ಹೊರಗೆ ಹೋಗಬೇಕಾಯಿತು. ಮಾಡಿನ (ಛಾವಣಿಯ) ನೀರು ಗೋಡೆಯ ಬುಡಕ್ಕೇ ಬೀಳುತ್ತಿತ್ತು. ವರ್ಷಾನುಗಟ್ಟಲೆ ಮಣ್ಣು ಸೇರಿ ಅಂಗಳದ ಆ ಬದಿ ಕೋಣೆಯ ನೆಲದ ಮಟ್ಟಕ್ಕೆ ಬಂದಿತ್ತು. ಮಣ್ಣು ತೆಗೆದು ತಗ್ಗಿಸಿದೆವು, ನೀರು ದೂರ ಹೋಗುವಂತೆ ಕಣಿ ತೋಡಿದೆವು, ಮಾಡಿನಂಚಿಗೆ ನೀರು ಹರಿಸುವ ದಂಬೆ ಕಟ್ಟಿದೆವು. ಒಳಗೆ ಎಷ್ಟು ದುಡ್ಡಿನ ಪೈಂಟ್ ಬಳಿದರೂ ಇಷ್ಟು ಪ್ರಯೋಜನ ಸಿಗಲಿಕ್ಕಿಲ್ಲ. ಇದಕ್ಕೆ ಖರ್ಚಾದದ್ದು ಹೆಚ್ಚಾಗಿ ಮೈಬೆವರು.

ಆಮೇಲೆ ಮಟ್ಟ. ಉದ್ದದ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲೆ ಎಲ್ಲ ದಿಕ್ಕಿಗೂ ತಿರುಗಿಸಿ, ಅಡಿಯಲ್ಲಿ ಬೆಳಕು ಕಾಣುವಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಮೂರು ಮೀಟರ್ ಉದ್ದಕ್ಕೆ 5 ಮಿ.ಮೀ. ಏರುತಗ್ಗು ಇದ್ದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಮೇಲೆ ನಡೆಯುವಾಗ ಹಲಗೆ ಕಿರುಗುಡುತ್ತದೆ. ಉಬ್ಬನ್ನು ಗ್ರೈಂಡರ್‌ನಲ್ಲಿ ಉಜ್ಜಿದೆ. ಕಿಟಕಿಯ ಹತ್ತಿರದ ತಗ್ಗಿಗೆ, ಹಳೆಯ ಗಾರೆಯನ್ನು ಉಳಿಯಲ್ಲಿ ಒರಟು ಮಾಡಿ, ಹೊಸ ಗಾರೆ ಹಿಡಿಯಲು ಬಾಂಡಿಂಗ್ ದ್ರಾವಣ ಬಳಿದು, ಸಿಮೆಂಟ್ ಗಾರೆ ತುಂಬಿದೆ. ಗಾರೆ ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಬೇಕು. ಇಲ್ಲಿ ಅವಸರ ಮಾಡಲೇಬಾರದು.

ಒಣಗಿದ ಮೇಲೆ ಡಾಂಬರು ಪೈಂಟ್ ಎರಡು ಕೈ. ಅದರ ಮೇಲೆ 200 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ. ಹಾಳೆ ಸೇರುವಲ್ಲಿ ಅರ್ಧ ಅಡಿ ಒಂದರ ಮೇಲೊಂದು ಬರುವಂತೆ ಹಾಸಿ ಟೇಪ್ ಹಾಕಿದೆ. ಗೋಡೆಯ ಬದಿಗೆ ಮೇಲಕ್ಕೆ ಮಡಚಿ, ಮುಂದೆ ಅಂಚುಪಟ್ಟಿಯ ಹಿಂದೆ ಅಡಗುವಂತೆ ಬಿಟ್ಟೆ.

ಇದರ ಮೇಲೆ ಒಂದೂವರೆ ಇಂಚು ದಪ್ಪದ ರೀಪು (ಮರದ ಪಟ್ಟಿ), ಒಂದೊಂದು ಅಡಿಗೆ ಒಂದು. ನೆಲಕ್ಕೆ ಸ್ಕ್ರೂ ಹೊಡೆದರೆ ಹಾಳೆ ತೂತಾಗುತ್ತದೆ, ಅಷ್ಟು ಮಾಡಿದ ಕೆಲಸ ದಂಡ. ಆದ್ದರಿಂದ ರೀಪಿನ ಅಡಿಗೆ ಅರ್ಧ ಇಂಚಿನ ರಬ್ಬರ್ ತುಂಡು ಅಂಟಿಸಿ ಸುಮ್ನೆ ಕೂರಿಸಿದೆ. ಕುಣಿಯುವ ನೆಲಕ್ಕೆ ಈ ಕ್ರಮವೇ ಒಳ್ಳೆಯದು, ಹೆಜ್ಜೆ ಬಿದ್ದಾಗ ನೆಲ ಸ್ವಲ್ಪ ತಗ್ಗಿ ಏಳುತ್ತದೆ. ರೀಪುಗಳ ಮೇಲೆ ಐಎಸ್ 710 (ಮೆರೈನ್ ಪ್ಲೈಗಿರುವ ಭಾರತೀಯ ಮಾನಕ) ಗುರುತಿನ 12 ಮಿ.ಮೀ. ಮೆರೈನ್ ಪ್ಲೈ ಹಾಸಿ ಸ್ಕ್ರೂ ಹಾಕಿದೆ. ಎರಡು ಪ್ಲೈ ನಡುವೆ 3 ಮಿ.ಮೀ. ಸಂದು.

ಗೆದ್ದಲಿಗೆ ಏನು ಮಾಡುವುದು? ನೆಲಕ್ಕೆ ಔಷಧಿ ಇಂಜೆಕ್ಷನ್ ಮಾಡಿಸಿ ಅಂತ ಹಲವರು ಹೇಳಿದರು. ಎಂಡೋಸಲ್ಫಾನ್ ಕೀಟನಾಶಕ ಏನು ಮಾಡಿತು ಅಂತ ಕಣ್ಣಾರೆ ಕಂಡ ಜಿಲ್ಲೆ ನಮ್ಮದು. ಮಗು ದಿನಾ ಬರಿಗಾಲಿನಲ್ಲಿ ಕುಣಿಯುವ ಕೋಣೆಯ ಅಡಿಗೆ ವಿಷ ಸುರಿಯಲು ನನಗೆ ಮನಸ್ಸು ಬರಲಿಲ್ಲ. ರೀಪಿಗೆಲ್ಲ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದು, ವಾಸನೆ ಹೋಗುವವರೆಗೆ ಕೊಟ್ಟಿಗೆಯಲ್ಲಿ ಒಣಗಿಸಿದೆ. ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟು ಹುಣ್ಣಾಗುತ್ತದೆ, ಕೈಗವಸು ಬೇಕೇ ಬೇಕು. ಜೊತೆಗೆ ಮೂಲೆಯ ಒಂದು ಭಾಗದ ಹಲಗೆಗೆ ಮೊಳೆ ಹೊಡೆಯದೆ ಸ್ಕ್ರೂ ಹಾಕಿದ್ದೇನೆ. ಪ್ಲೈಯನ್ನೂ ಅಷ್ಟಕ್ಕೆ ಬೇರೆ ತುಂಡು ಮಾಡಿದ್ದೇನೆ. ಬಿಚ್ಚಿ ಟಾರ್ಚ್ ಹಾಕಿದರೆ ಅಡಿಯಲ್ಲಿ ಮಣ್ಣಿನ ಗೆರೆ ಎದ್ದಿದೆಯಾ ಅಂತ ಗೊತ್ತಾಗುತ್ತದೆ.

ಹಲಗೆ ನಮ್ಮ ತೋಟದ ಹಲಸಿನದ್ದು. ಮಿಲ್ಲಿನಲ್ಲಿ ಒಂದು ಇಂಚು ದಪ್ಪಕ್ಕೆ ಕೊಯ್ಯಿಸಿ, ನಡುನಡುವೆ ತೆಳು ಪಟ್ಟಿ ಇಟ್ಟು ಕೊಟ್ಟಿಗೆಯ ನೆರಳಿನಲ್ಲಿ ಪೇರಿಸಿದ್ದೆ. ತುದಿ ಸೀಳದ ಹಾಗೆ ಎರಡೂ ಕಡೆ ಪೈಂಟ್. ಇಂಚಿಗೆ ಒಂದು ವರ್ಷ ಅನ್ನುವುದು ಮರ ಒಣಗಿಸುವವರ ಹಳೆಯ ಲೆಕ್ಕ, ನಮ್ಮ ಮಳೆಗೆ ಇನ್ನೂ ಸ್ವಲ್ಪ ಹೆಚ್ಚೇ ಬಿಡಬೇಕು. ಆಮೇಲೆ ಕೀಸಿ ಮುಕ್ಕಾಲು ಇಂಚಿಗೆ ತಂದು, ಒಂದು ಅಂಚಿಗೆ ನಾಲಿಗೆ, ಇನ್ನೊಂದಕ್ಕೆ ಅದು ಕೂರುವ ಗ್ರೂವ್ ತೆಗೆಸಿದೆ. ಮಿಲ್ಲಿನವರಿಗೆ ಆರು ಇಂಚು ಅಗಲ ಇಡುವ ಆಸೆ. ನಾನು ಮೂರೇ ಇಂಚು ಅಂತ ಹಠ ಹಿಡಿದೆ.

ಯಾಕೆಂದರೆ ತೇವ ಕುಡಿದ ಹಲಗೆ ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಗಾಳಿಯ ತೇವ ಶೇಕಡಾ 65 ಇದ್ದಾಗ ಮರದ ತೇವ ಸುಮಾರು 12ಕ್ಕೆ ನಿಲ್ಲುತ್ತದೆ. ಗಾಳಿಯದ್ದು 80ಕ್ಕೆ ಏರಿದರೆ ಮರದ್ದು 16ರ ಆಸುಪಾಸು. ಈ 4ರ ವ್ಯತ್ಯಾಸಕ್ಕೆ, ಕಡಿಮೆ ಅಲುಗಾಡುವ ತೇಗದ ಹಲಗೆ ಕೂಡ ಮೂರು ಇಂಚಿಗೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಹಿಗ್ಗಬಹುದು. ಅಂಥ ಹಲಗೆ 40 ಸಾಲು ಇದ್ದರೆ ಒಟ್ಟು 22 ಮಿ.ಮೀ. ಹಲಸಿಗೂ ಇದೇ ಲೆಕ್ಕ ಹಿಡಿದು, ಎರಡೂ ಬದಿಯ ಗೋಡೆಯ ಹತ್ತಿರ ತಲಾ 15 ಮಿ.ಮೀ. ಜಾಗ ಬಿಟ್ಟೆ. ಹಲಗೆಯ ಅಡಿಮೈಗೂ ಹಾಸುವ ಮೊದಲೇ ಒಂದು ಕೈ ಪಾಲಿಶ್ ಹಾಕಿದೆ. ಮೇಲೆ ಮಾತ್ರ ಪಾಲಿಶ್ ಇದ್ದು ಅಡಿ ಮಾತ್ರ ತೇವ ಕುಡಿದರೆ, ಹಲಗೆ ಒಣಗಿದ ಅಡಿಕೆ ಹಾಳೆಯಂತೆ ಅಂಚು ಎತ್ತಿ ನಡು ತಗ್ಗುತ್ತದೆ.

ಹಾಸಿದ್ದು ದೀಪಾವಳಿ ಕಳೆದು, ಮಳೆ ಪೂರ್ತಿ ಬಿಟ್ಟ ಮೇಲೆ. ತೀರಾ ಒಣ ಕಾಲವೂ ಅಲ್ಲ, ತಂಡಿಯೂ ಅಲ್ಲ. ಅದಕ್ಕೆ ಮೊದಲು ಹಲಗೆಗಳನ್ನು ಅದೇ ಕೋಣೆಯಲ್ಲಿ ಇಟ್ಟು, ಎರಡು ಮುಳ್ಳಿನ ತೇವದ ಮೀಟರ್ ಚುಚ್ಚಿ ನೋಡುತ್ತಿದ್ದೆ. ಪ್ಲೈಗೂ ಹಲಗೆಗೂ ತೇವದಲ್ಲಿ ಶೇಕಡಾ 2ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಮೊಳೆ ಹೊಡೆಯುವಾಗ ಊರಿನ ಆಚಾರಿಯವರು ಜೊತೆಗಿದ್ದರು. ಗೋಡೆ ಸೊಟ್ಟ ಇರುವುದರಿಂದ ಗೋಡೆ ಹಿಡಿದು ಹೋಗಬಾರದು ಅಂತ ಅವರೇ ಕೋಣೆಯ ನಡುವಿಗೆ ನೂಲು ಹಿಡಿದು ಗೆರೆ ಹೊಡೆದರು. ರೀಪು ಸಿಗುವಲ್ಲೆಲ್ಲ ನಾಲಿಗೆಯ ಬುಡಕ್ಕೆ ಓರೆಯಾಗಿ ಎರಡು ಇಂಚಿನ ಮೊಳೆ. ಹಲಸು ಸೀಳದ ಹಾಗೆ ಮೊದಲು ಸಪೂರ ಬಿಟ್‌ನಲ್ಲಿ ತೂತು. ನಾನು ಹಲಗೆಯನ್ನು ಸುತ್ತಿಗೆಯಲ್ಲಿ ಗಟ್ಟಿ ಬಡಿದು ಸೇರಿಸಲು ಹೋದಾಗ ಕೈ ಹಿಡಿದರು. "ಇಷ್ಟು ಬಿಗಿ ಬೇಡ ಅಣ್ಣಾ, ಮಳೆಗಾಲಕ್ಕೆ ಅದಕ್ಕೆ ಉಬ್ಬಲು ಜಾಗ ಬೇಕಲ್ವಾ?" ಐದೈದು ಸಾಲಿಗೊಮ್ಮೆ ತೆಳು ವಾಷರ್ ಇಟ್ಟು, ಮೊಳೆ ಹೊಡೆದು, ವಾಷರ್ ತೆಗೆದೆವು. ಅಂಟು ಎಲ್ಲಿಯೂ ಹಾಕಲಿಲ್ಲ.

ಎಲ್ಲ ಸೇರಿ ನೆಲ ಮೂರು ಇಂಚಿಗಿಂತ ಮೇಲೆ ಬಂತು. ಹಳೆಯ ದಾರಂದದ (ಬಾಗಿಲಿನ ಚೌಕಟ್ಟಿನ) ಹೊಸ್ತಿಲು ಎತ್ತರ ಇದ್ದದ್ದರಿಂದ ಬಚಾವು, ಬಾಗಿಲನ್ನು ಮಾತ್ರ ಕೆಳಗೆ ಕೊಯ್ಯಬೇಕಾಯಿತು. ಅಂಚುಪಟ್ಟಿಯನ್ನು ಗೋಡೆಗೆ ಮಾತ್ರ ಹೊಡೆದಿದ್ದೇವೆ, ನೆಲಕ್ಕಲ್ಲ. ಎದುರುಬದುರು ಗೋಡೆಯ ಪಟ್ಟಿಗಳಲ್ಲಿ ಗಾಳಿಗೆ ತೂತುಗಳಿವೆ. ಆಮೇಲೆ ಸ್ಯಾಂಡಿಂಗ್ ಮಷಿನ್ ಬಾಡಿಗೆಗೆ ತಂದು 60, 80, 120 ನಂಬರಿನ ಕಾಗದದಲ್ಲಿ ಉಜ್ಜಿ ಪಿಯು (ಪಾಲಿಯುರಿಥೇನ್) ಪಾಲಿಶ್ ಮೂರು ಕೈ. ಅಗಸೆ ಎಣ್ಣೆ ನೋಡಲು ಚಂದವೇ, ಆದರೆ ನಮ್ಮ ಮಳೆಗಾಲದಲ್ಲಿ ಅದರ ಮೇಲೆ ಬೂಸ್ಟು ಬರುತ್ತದೆ.

ಹಲಸು ಶುರುವಿಗೆ ಹಳದಿ, ಬೆಳಕು ಬಿದ್ದಂತೆ ಕಂದು. ಮೊದಲ ವರ್ಷ ಚಾಪೆಯನ್ನು ಒಂದೇ ಜಾಗದಲ್ಲಿ ಬಿಡಬೇಡಿ, ಅದರ ಅಡಿಯಲ್ಲಿ ಹಳದಿ ಚೌಕ ಉಳಿಯುತ್ತದೆ. ನೆಲ ಒರೆಸುವ ಬಟ್ಟೆಯನ್ನು ಚೆನ್ನಾಗಿ ಹಿಂಡಿರಬೇಕು. ಏಪ್ರಿಲ್‌ನಲ್ಲಿ ಹಲಗೆಗಳ ನಡುವೆ ಸಣ್ಣ ಗೆರೆ ಬಿಡುತ್ತದೆ. ಅದಕ್ಕೆ ಪುಟ್ಟಿ ತುಂಬಲು ಹೋಗಬೇಡಿ. ಜೂನ್‌ನಲ್ಲಿ ಅದು ತಾನಾಗಿ ಮುಚ್ಚುತ್ತದೆ, ತುಂಬಿಟ್ಟರೆ ಹಲಗೆಗೆ ಹಿಗ್ಗಲು ಜಾಗವಿಲ್ಲದೆ ನೆಲವೇ ಎದ್ದು ಬಿಡುತ್ತದೆ.