ನಿಮ್ಮ ಲೋಕಸಭಾ ಕ್ಷೇತ್ರದ ಚರಿತ್ರೆ ಬರೆಯುವುದು ಹೇಗೆ? ಒಂದು ಹೋಬಳಿಯಿಂದ ಶುರು ಮಾಡಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ನಾಲ್ಕು ತಾಲ್ಲೂಕುಗಳಿವೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ. ಆದರೆ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಈ ನಾಲ್ಕರ ಪೈಕಿ ಒಂದೂ ಇಲ್ಲ. ನಾಲ್ಕೂ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಗ್ರಾಮಾಂತರ ಕ್ಷೇತ್ರದಲ್ಲಿರುವುದು ಕುಣಿಗಲ್, ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ, ಆನೇಕಲ್, ಬೆಂಗಳೂರು ದಕ್ಷಿಣ ಮತ್ತು ರಾಜರಾಜೇಶ್ವರಿನಗರ. ಕುಣಿಗಲ್ ತುಮಕೂರು ಜಿಲ್ಲೆಯದು. ಇನ್ನು ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರ ಅದೇ ಹೆಸರಿನ ಲೋಕಸಭಾ ಕ್ಷೇತ್ರದಲ್ಲಿ ಇಲ್ಲ! 2025ರಲ್ಲಿ ರಾಮನಗರ ಜಿಲ್ಲೆಗೇ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸರ್ಕಾರ ತೀರ್ಮಾನಿಸಿದ ಮೇಲೆ ಗೊಂದಲ ಇನ್ನೂ ಜಾಸ್ತಿಯಾಗಿದೆ.

ಚುನಾವಣೆ ಬಂದಾಗಲೆಲ್ಲ 'ನಮ್ಮ ಕ್ಷೇತ್ರದಲ್ಲಿ ಇದುವರೆಗೆ ಗೆದ್ದವರು' ಎಂಬ ಪಟ್ಟಿ ಎಲ್ಲ ಕಡೆ ಓಡಾಡುತ್ತದೆ. ಅದು ಹೆಸರಿನ ಚರಿತ್ರೆ. ಆ ಹೆಸರಿನ ಕೆಳಗಿದ್ದ ಊರುಗಳು ಎಷ್ಟೋ ಸಲ ಬದಲಾಗಿವೆ. ನಿಮ್ಮ ಊರನ್ನು ದೆಹಲಿಯಲ್ಲಿ ಯಾರು, ಯಾವಾಗ, ಹೇಗೆ ಪ್ರತಿನಿಧಿಸಿದರು ಎಂದು ತಿಳಿಯಬೇಕಾದರೆ ಕ್ಷೇತ್ರದ ಹೆಸರಿನ ಹಿಂದೆ ಹೋಗಬೇಡಿ. ಒಂದು ಹೋಬಳಿ ಹಿಡಿದುಕೊಳ್ಳಿ, ಅದರ ಹಿಂದೆ ಹೋಗಿ. ಇದನ್ನು ಕಾಲೇಜು ಹುಡುಗರೂ ಮಾಡಬಹುದು, ನಿವೃತ್ತ ಮೇಷ್ಟ್ರೂ ಮಾಡಬಹುದು. ಬೇಕಾಗುವುದು ಒಂದು ನೋಟ್‌ಬುಕ್, ಇಂಟರ್ನೆಟ್ ಇರುವ ಫೋನು, ಸ್ವಲ್ಪ ತಾಳ್ಮೆ.

ಹೆಜ್ಜೆ 1: ಹೋಬಳಿ ಇವತ್ತು ಎಲ್ಲಿದೆ ನೋಡಿ

ಕ್ಷೇತ್ರ ಮರುವಿಂಗಡಣೆಯ (ಅಂದರೆ ಕ್ಷೇತ್ರಗಳ ಗೆರೆಯನ್ನು ಹೊಸದಾಗಿ ಎಳೆಯುವುದರ) 2008ರ ಆದೇಶವನ್ನು ಚುನಾವಣಾ ಆಯೋಗದ ಜಾಲತಾಣದಿಂದ ಇಳಿಸಿಕೊಳ್ಳಿ. ಕರ್ನಾಟಕದ ಭಾಗದಲ್ಲಿ ಒಂದೊಂದು ವಿಧಾನಸಭಾ ಕ್ಷೇತ್ರಕ್ಕೂ ಯಾವ ತಾಲ್ಲೂಕು, ಯಾವ ಹೋಬಳಿ ಸೇರಿದೆ ಎಂದು ಬರೆದಿರುತ್ತಾರೆ. ಆಮೇಲೆ ಯಾವ ಎಂಟು ವಿಧಾನಸಭಾ ಕ್ಷೇತ್ರ ಸೇರಿ ಒಂದು ಲೋಕಸಭಾ ಕ್ಷೇತ್ರ ಆಗಿದೆ ಎಂಬ ಪಟ್ಟಿ ಇರುತ್ತದೆ. ತಾಲ್ಲೂಕಿನ ಹೆಸರು ನೋಡಿ ನಿಲ್ಲಿಸಬೇಡಿ. ಹೋಬಳಿವರೆಗೆ ಇಳಿಯಿರಿ.

ಯಾಕೆ ಅಂದರೆ, ಸೋಲೂರು ಹೋಬಳಿ ನೋಡಿ. 2008ರಲ್ಲಿ ಕಂದಾಯದ ಲೆಕ್ಕದಲ್ಲಿ ಅದು ಮಾಗಡಿ ತಾಲ್ಲೂಕಿನದ್ದಾಗಿತ್ತು. ಆದರೆ 2008ರ ಆದೇಶ ಅದನ್ನು ನೆಲಮಂಗಲ ವಿಧಾನಸಭಾ ಕ್ಷೇತ್ರಕ್ಕೆ ಹಾಕಿತು. ಮಾಗಡಿ ಕ್ಷೇತ್ರ ಬೆಂಗಳೂರು ಗ್ರಾಮಾಂತರಕ್ಕೆ ಹೋದರೆ ನೆಲಮಂಗಲ ಚಿಕ್ಕಬಳ್ಳಾಪುರಕ್ಕೆ ಹೋಯಿತು. ಹಾಗಾಗಿ ಪಕ್ಕದ ಹೋಬಳಿಯವರು 2014ರಲ್ಲಿ ಡಿ.ಕೆ. ಸುರೇಶ್ ಅವರನ್ನು ಗೆಲ್ಲಿಸಿದಾಗ ಸೋಲೂರಿನವರಿಗೆ ಎಂಪಿ ಆಗಿದ್ದವರು ವೀರಪ್ಪ ಮೊಯಿಲಿ. ಪಹಣಿಗೆ ಒಂದು ಕಡೆ, ಎಂಪಿಗೆ ಇನ್ನೊಂದು ಕಡೆ. ಮಾಗಡಿ ತಾಲ್ಲೂಕಿನವರು ಎಂದುಕೊಂಡು ಗ್ರಾಮಾಂತರ ಕ್ಷೇತ್ರದ ಪಟ್ಟಿ ಬರೆದಿದ್ದರೆ ಸೋಲೂರಿನ ಚರಿತ್ರೆ ಪೂರ್ತಿ ತಪ್ಪಾಗುತ್ತಿತ್ತು, ಅಲ್ವಾ?

ಹೆಜ್ಜೆ 2: ಹಿಂದಕ್ಕೆ ನಡೆಯಿರಿ

ಸ್ವಾತಂತ್ರ್ಯ ಬಂದ ಮೇಲೆ ನಾಲ್ಕು ಮರುವಿಂಗಡಣಾ ಆಯೋಗಗಳು ಕೆಲಸ ಮಾಡಿವೆ. ಅವು 1952, 1963, 1973 ಮತ್ತು 2002ರವು, ಅವು ಎಳೆದ ಗೆರೆ ಜಾರಿಗೆ ಬಂದದ್ದು ಆಮೇಲಿನ ಚುನಾವಣೆಗಳಲ್ಲಿ. ನಿಮ್ಮ ನೋಟ್‌ಬುಕ್ಕನ್ನು ಹೀಗೆ ಭಾಗ ಮಾಡಿ: 1952ರಿಂದ 1962, 1967 ಮತ್ತು 1971, 1977ರಿಂದ 2004, ಕೊನೆಗೆ 2009ರಿಂದ ಈಚೆಗೆ. ಒಂದೊಂದು ಭಾಗದಲ್ಲೂ ನಿಮ್ಮ ಹೋಬಳಿ ಯಾವ ಕ್ಷೇತ್ರದಲ್ಲಿತ್ತು ಎಂದು ಬರೆದುಕೊಳ್ಳಿ. ಹಳೆಯ ಆದೇಶಗಳು ಗೆಜೆಟ್‌ನಲ್ಲಿ ಪ್ರಕಟವಾಗಿವೆ. ಜಿಲ್ಲಾ ಗ್ರಂಥಾಲಯದಲ್ಲೋ ಹಳೆಯ ಕಾಲೇಜು ಲೈಬ್ರರಿಯಲ್ಲೋ ವಿಚಾರಿಸಿ.

ಮೊದಲ ಭಾಗದಲ್ಲಿ ಮಾತ್ರ ಬಹಳ ಎಚ್ಚರ ಬೇಕು, ಅದರೊಳಗಿನ ಮೂರು ಚುನಾವಣೆಗಳನ್ನೂ ಬೇರೆ ಬೇರೆ ನೋಡಿ. 1956ರ ನವೆಂಬರ್ 1ಕ್ಕೆ ಮುಂಚೆ ಈಗಿನ ಕರ್ನಾಟಕ ಒಂದೇ ರಾಜ್ಯ ಆಗಿರಲಿಲ್ಲ. ಧಾರವಾಡ, ಬೆಳಗಾವಿ ಕಡೆಯವರು ಮೊದಲ ಚುನಾವಣೆಯ ಫಲಿತಾಂಶವನ್ನು ಬಾಂಬೆ ರಾಜ್ಯದ ಪಟ್ಟಿಯಲ್ಲಿ ಹುಡುಕಬೇಕು. ರಾಯಚೂರು, ಕಲಬುರಗಿ, ಬೀದರ್‌ನವರು ಹೈದರಾಬಾದ್ ರಾಜ್ಯದಲ್ಲಿ. ಮಂಗಳೂರು, ಉಡುಪಿಯವರು ಮದ್ರಾಸ್ ರಾಜ್ಯದಲ್ಲಿ. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ, ಹಾಗಾಗಿ ಅದೂ ಮದ್ರಾಸ್ ಪಟ್ಟಿಯಲ್ಲೇ ಸಿಗುತ್ತದೆ. ಕೊಡಗು ಆಗ ಪ್ರತ್ಯೇಕ ರಾಜ್ಯ, ಅದಕ್ಕೆ ಸ್ವಂತದ್ದೇ ಒಂದು ಲೋಕಸಭಾ ಸ್ಥಾನ ಇತ್ತು.

ಸ್ಥಾನಗಳೂ ನಿಧಾನಕ್ಕೆ ಹೆಚ್ಚಿದವು. 1957ರಲ್ಲಿ 26, 1967ರಲ್ಲಿ 27, 1977ರಲ್ಲಿ 28. ಅಲ್ಲಿಂದ ಇಲ್ಲಿಯವರೆಗೆ ಅಷ್ಟೇ ಇದೆ.

ಚಿಕ್ಕಮಗಳೂರನ್ನು ಹೀಗೆ ಹಿಂಬಾಲಿಸಿದರೆ ಮಜಾ ಇದೆ. 1952ರಲ್ಲಿ ಅದು ಹಾಸನದ ಜೊತೆ ಸೇರಿದ ಕ್ಷೇತ್ರ. ಆಮೇಲೆ ತನ್ನದೇ ಹೆಸರಿನ ಕ್ಷೇತ್ರವಾಯಿತು. 2009ರಿಂದ ಘಟ್ಟದ ಕೆಳಗಿನ ಉಡುಪಿಯ ಜೊತೆ. ಆದರೆ ಅದೇ ಜಿಲ್ಲೆಯ ಕಡೂರು ಇವತ್ತಿಗೂ ವೋಟು ಹಾಕುವುದು ಹಾಸನ ಕ್ಷೇತ್ರಕ್ಕೆ. ಕಾಫಿ ಬೆಳೆಗಾರನ ಕಷ್ಟವನ್ನೂ ಮೀನುಗಾರನ ಕಷ್ಟವನ್ನೂ ಈಗ ಒಬ್ಬರೇ ಸಂಸದರು ಹೇಳಬೇಕು. ಗೆರೆ ಬದಲಾದರೆ ಪ್ರಾತಿನಿಧ್ಯವೂ ಬದಲಾಗುತ್ತದೆ ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಹೆಜ್ಜೆ 3: ಗೆದ್ದವರ ಪಟ್ಟಿ ಮಾಡಿ, ಎರಡು ಕಡೆ ಹುಷಾರಾಗಿರಿ

ಚುನಾವಣಾ ಆಯೋಗವು ಮೊದಲ ಚುನಾವಣೆಯಿಂದ ಹಿಡಿದು ಎಲ್ಲ ಸಾರ್ವತ್ರಿಕ ಚುನಾವಣೆಗಳ ಅಂಕಿಅಂಶ ವರದಿಗಳನ್ನು ಜಾಲತಾಣದಲ್ಲಿ ಹಾಕಿದೆ. ಗೆದ್ದವರು, ಸೋತವರು, ಪಕ್ಷ, ಬಿದ್ದ ಮತ ಎಲ್ಲ ಸಿಗುತ್ತದೆ. ಸೋತವರ ಹೆಸರನ್ನೂ ಬರೆದುಕೊಳ್ಳಿ. ಊರಿನ ಒಳಗಿನ ರಾಜಕೀಯ ಅರ್ಥ ಆಗುವುದು ಅಲ್ಲೇ.

ಮೊದಲನೆಯ ಎಚ್ಚರಿಕೆ, 1952 ಮತ್ತು 1957ರಲ್ಲಿ ಇದ್ದ ಇಬ್ಬರು ಸದಸ್ಯರ ಕ್ಷೇತ್ರಗಳು. ಒಂದೇ ಕ್ಷೇತ್ರ, ಇಬ್ಬರು ಎಂಪಿ. ಸಾಮಾನ್ಯವಾಗಿ ಅದರಲ್ಲಿ ಒಂದು ಸ್ಥಾನ ಪರಿಶಿಷ್ಟರಿಗೆ ಮೀಸಲು. 1952ರಲ್ಲಿ ಮೈಸೂರಿನಿಂದ ಎಂ.ಎಸ್. ಗುರುಪಾದಸ್ವಾಮಿ, ಎನ್. ರಾಚಯ್ಯ ಇಬ್ಬರೂ ಗೆದ್ದರು. ಒಬ್ಬೊಬ್ಬ ಮತದಾರನಿಗೂ ಎರಡು ವೋಟು ಇತ್ತು. ಹಾಗಾಗಿ ಅಂಥ ಕ್ಷೇತ್ರದಲ್ಲಿ ಬಿದ್ದ ಮತಗಳ ಸಂಖ್ಯೆ ಮತದಾರರಿಗಿಂತ ಜಾಸ್ತಿ ಕಂಡರೆ ಗಾಬರಿಯಾಗಬೇಡಿ, ಶೇಕಡಾ ಲೆಕ್ಕ ಹಾಕುವಾಗ ಇದನ್ನು ನೆನಪಿಡಿ. 1961ರ ಕಾನೂನು ಈ ಪದ್ಧತಿಯನ್ನು ತೆಗೆದುಹಾಕಿತು.

ಎರಡನೆಯದು ಉಪಚುನಾವಣೆ. ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಅದು ಇರುವುದಿಲ್ಲ, ಬೇರೆಯಾಗಿ ಹುಡುಕಬೇಕು. ಅದನ್ನು ಬಿಟ್ಟರೆ ಚಿಕ್ಕಮಗಳೂರಿನ ಪಟ್ಟಿಯಲ್ಲಿ ಇಂದಿರಾ ಗಾಂಧಿಯೇ ಇರುವುದಿಲ್ಲ! ಅವರು ಅಲ್ಲಿ ಗೆದ್ದದ್ದು 1978ರ ನವೆಂಬರ್‌ನ ಉಪಚುನಾವಣೆಯಲ್ಲಿ, ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನದಿಂದ. ಕನಕಪುರದಲ್ಲಿ ಎಚ್.ಡಿ. ದೇವೇಗೌಡರು ಗೆದ್ದದ್ದೂ 2002ರ ಉಪಚುನಾವಣೆಯಲ್ಲೇ.

ಕನಕಪುರದ ಪಟ್ಟಿ ಸ್ವಲ್ಪ ನೋಡಿ. 1967ರಲ್ಲಿ ಎಂ.ವಿ. ರಾಜಶೇಖರನ್, 1971ರಲ್ಲಿ ಸಿ.ಕೆ. ಜಾಫರ್ ಷರೀಫ್. ಆಮೇಲೆ ಹಲವು ಅವಧಿಗೆ ಎಂ.ವಿ. ಚಂದ್ರಶೇಖರ ಮೂರ್ತಿ. 1996ರಲ್ಲಿ ಎಚ್.ಡಿ. ಕುಮಾರಸ್ವಾಮಿ. 2004ರಲ್ಲಿ ದೇವೇಗೌಡರನ್ನು ಸೋಲಿಸಿದ ತೇಜಸ್ವಿನಿ ಗೌಡ. 2008ರಲ್ಲಿ ಆ ಕ್ಷೇತ್ರವೇ ಹೋಗಿ ಬೆಂಗಳೂರು ಗ್ರಾಮಾಂತರ ಬಂತು. 2009ರಲ್ಲಿ ಮತ್ತೆ ಕುಮಾರಸ್ವಾಮಿ, 2013ರ ಉಪಚುನಾವಣೆಯಿಂದ ಡಿ.ಕೆ. ಸುರೇಶ್, 2024ರಲ್ಲಿ ಡಾ. ಸಿ.ಎನ್. ಮಂಜುನಾಥ್. ಪಟ್ಟಿ ಒಂದೇ ಸಮ ಸಾಗಿದ ಹಾಗೆ ಕಾಣುತ್ತದೆ. ಆದರೆ ನಡುವೆ ಸಾತನೂರು, ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರಗಳು ಮಾಯವಾಗಿವೆ. ಈ ಬದಲಾವಣೆಯನ್ನು ನಿಮ್ಮ ಪಟ್ಟಿಯಲ್ಲಿ ಒಂದು ದಪ್ಪ ಗೆರೆ ಎಳೆದು ತೋರಿಸಿ.

ಮೀಸಲಾತಿ ಯಾವಾಗ ಬಂತು, ಯಾವಾಗ ಹೋಯಿತು ಎಂಬುದನ್ನೂ ಬರೆಯಿರಿ. ಈಗ ರಾಜ್ಯದಲ್ಲಿ ವಿಜಯಪುರ, ಕಲಬುರಗಿ, ಚಿತ್ರದುರ್ಗ, ಕೋಲಾರ, ಚಾಮರಾಜನಗರ ಪರಿಶಿಷ್ಟ ಜಾತಿಗೆ, ರಾಯಚೂರು, ಬಳ್ಳಾರಿ ಪರಿಶಿಷ್ಟ ಪಂಗಡಕ್ಕೆ ಮೀಸಲು. 2008ಕ್ಕೆ ಮುಂಚೆ ಚಿಕ್ಕೋಡಿ ಮೀಸಲು ಕ್ಷೇತ್ರವಾಗಿತ್ತು, ಬಿ. ಶಂಕರಾನಂದ ಅಲ್ಲಿಂದ ಸತತವಾಗಿ ಏಳು ಬಾರಿ ಗೆದ್ದಿದ್ದರು.

ಹೆಜ್ಜೆ 4: ಫಾರ್ಮ್ 20 ಓದಿ

ಕೆಲಸಕ್ಕೆ ನಿಜವಾದ ರುಚಿ ಹತ್ತುವುದು ಇಲ್ಲಿ. ಮತಗಟ್ಟೆವಾರು ಫಲಿತಾಂಶದ ಹಾಳೆಗೆ ಫಾರ್ಮ್ 20 ಅನ್ನುತ್ತಾರೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಸಿಗುತ್ತದೆ. ಎಡಗಡೆ ಮತಗಟ್ಟೆಯ ಸಂಖ್ಯೆ. ಅದರ ಪಕ್ಕದಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಆ ಬೂತಿನಲ್ಲಿ ಬಿದ್ದ ಮತ. ಕೊನೆಯ ಕಡೆ ನೋಟಾ, ಒಟ್ಟು ಮತ. ಹೆಚ್ಚಾಗಿ ಹಾಳೆಯಲ್ಲಿ ಊರಿನ ಹೆಸರು ಇರುವುದಿಲ್ಲ, ಸಂಖ್ಯೆ ಮಾತ್ರ. ಹಾಗಾಗಿ ಅದೇ ವರ್ಷದ ಮತಗಟ್ಟೆಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಒಂದು ಚುನಾವಣೆಯ ಬೂತ್ ನಂಬರ್ ಮುಂದಿನದರಲ್ಲಿ ಬೇರೆ ಊರಿಗೆ ಹೋಗಿರಬಹುದು. ನಂಬರ್ ನಂಬಬೇಡಿ, ಶಾಲೆಯ ಹೆಸರು, ಊರಿನ ಹೆಸರು ನೋಡಿ.

ಅಂಚೆ ಮತಗಳು ಬೂತಿನ ಸಾಲಿನಲ್ಲಿ ಇರುವುದಿಲ್ಲ, ಅವನ್ನು ಕೊನೆಗೆ ಸೇರಿಸುತ್ತಾರೆ. ಬೂತುಗಳನ್ನೆಲ್ಲ ಕೂಡಿಸಿ ಲೆಕ್ಕ ತಾಳೆಯಾಗದಿದ್ದರೆ ಮೊದಲು ಅದನ್ನು ನೋಡಿ. ಇನ್ನೊಂದು ಮಾತು: ಲೋಕಸಭೆ ಚುನಾವಣೆ ಎಲ್ಲ ಕಡೆ ಇವಿಎಂನಲ್ಲಿ ನಡೆಯಲು ಶುರುವಾದದ್ದು 2004ರಲ್ಲಿ. ಅದಕ್ಕಿಂತ ಹಿಂದಿನ ಬೂತ್ ಲೆಕ್ಕಕ್ಕೆ ಸುಮ್ನೆ ಅಲೆಯಬೇಡಿ, ಕ್ಷೇತ್ರದ ಲೆಕ್ಕದಲ್ಲೇ ತೃಪ್ತಿಪಡಿ.

ಹಳ್ಳಿಯ ಮತಕ್ಕೆ ಎಷ್ಟು ತೂಕ ಇದೆ ಎಂಬುದನ್ನೂ ಈ ಹಾಳೆಗಳೇ ಹೇಳುತ್ತವೆ. ಬೆಂಗಳೂರು ಗ್ರಾಮಾಂತರದಲ್ಲಿ 2024ರಲ್ಲಿ ಸುಮಾರು 28 ಲಕ್ಷ ಮತದಾರರಿದ್ದರು. ಉಡುಪಿ-ಚಿಕ್ಕಮಗಳೂರಿನಲ್ಲಿ 16 ಲಕ್ಷದ ಒಳಗೆ. ಎರಡಕ್ಕೂ ಒಬ್ಬೊಬ್ಬರೇ ಎಂಪಿ. ಗ್ರಾಮಾಂತರದ ಒಳಗೇ ನೋಡಿದರೂ ಅಷ್ಟೇ. ಚನ್ನಪಟ್ಟಣದಲ್ಲಿ ಸುಮಾರು 2.3 ಲಕ್ಷ ಮತದಾರರು. ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರ ಒಂದರಲ್ಲೇ 6 ಲಕ್ಷಕ್ಕೂ ಹೆಚ್ಚು. ಅದರ ಜೊತೆ ಆನೇಕಲ್, ರಾಜರಾಜೇಶ್ವರಿನಗರ ಸೇರಿಸಿದರೆ ಒಟ್ಟು ಮತದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆಯವರೇ. ಹೆಸರು ಗ್ರಾಮಾಂತರ, ಗೆಲುವು ಸೋಲು ತೀರ್ಮಾನ ಆಗುವುದು ಅಪಾರ್ಟ್‌ಮೆಂಟುಗಳಲ್ಲಿ. ರೇಷ್ಮೆ ಬೆಳೆಯುವ ರೈತನ ಮಾತು ಇಂಥ ಕ್ಷೇತ್ರದಲ್ಲಿ ಹಿಂದಕ್ಕೆ ಸರಿಯುವ ಅಪಾಯ ನಿಜಕ್ಕೂ ಇದೆ. ಅದನ್ನು ಅಂಕಿಯಲ್ಲಿ ತೋರಿಸಿ.

ಹೆಜ್ಜೆ 5: ಎಂಪಿ ಸದನದಲ್ಲಿ ಏನು ಮಾತಾಡಿದರು?

ಲೋಕಸಭೆಯ ಜಾಲತಾಣದಲ್ಲಿ ಸದಸ್ಯರ ಪ್ರಶ್ನೆಗಳು, ಭಾಷಣಗಳು ಸಿಗುತ್ತವೆ. ಹಳೆಯ ಚರ್ಚೆಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಇವೆ. ಹೆಚ್ಚಿನವರು ಇಲ್ಲಿ ಪ್ರಶ್ನೆಗಳ ಸಂಖ್ಯೆ ಎಣಿಸಿ ಮುಗಿಸುತ್ತಾರೆ. ಅದು ಸಾಲದು. ಮಂತ್ರಿಗಳಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಹಾಗಾಗಿ ಅವರ ಲೆಕ್ಕ ಸೊನ್ನೆ ಬಂದರೆ ಅದು ಸೋಮಾರಿತನ ಅಲ್ಲ. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಬಾಯಿಮಾತಿನ ಉತ್ತರ, ಚುಕ್ಕೆ ಇಲ್ಲದ್ದಕ್ಕೆ ಬರಹದ ಉತ್ತರ. ಊರಿನ ಸಮಸ್ಯೆ ಹೆಚ್ಚಾಗಿ ಬರುವುದು ಶೂನ್ಯವೇಳೆಯಲ್ಲಿ (ಪ್ರಶ್ನೋತ್ತರದ ನಂತರ ತುರ್ತು ವಿಷಯ ಎತ್ತುವ ಸಮಯ) ಮತ್ತು ಲೋಕಸಭೆಯ ನಿಯಮ 377ರ ಅಡಿ ಎತ್ತುವ ವಿಷಯಗಳಲ್ಲಿ. ಅವನ್ನು ಮರೆಯಬೇಡಿ.

ನನ್ನ ಸಲಹೆ ಇಷ್ಟು: ಒಂದು ಬೇಡಿಕೆ ಆರಿಸಿಕೊಳ್ಳಿ, ಎಲ್ಲ ಎಂಪಿಗಳ ಅವಧಿಯಲ್ಲೂ ಅದನ್ನೇ ಹುಡುಕಿ. ಕನಕಪುರ ಭಾಗಕ್ಕಾದರೆ ಹೆಜ್ಜಾಲ-ಕನಕಪುರ-ಚಾಮರಾಜನಗರ ರೈಲು ಮಾರ್ಗ ಇದೆ, ಎಷ್ಟೋ ವರ್ಷದಿಂದ ಬರೀ ಮಾತಿನಲ್ಲೇ ಇದೆ. ಯಾರು ಕೇಳಿದರು, ಯಾವ ವರ್ಷ, ಮಂತ್ರಿ ಏನು ಉತ್ತರ ಕೊಟ್ಟರು, ಮುಂದಿನ ಎಂಪಿ ಅದನ್ನು ಮುಂದುವರಿಸಿದರೋ ಬಿಟ್ಟರೋ? ರಾಮನಗರಕ್ಕಾದರೆ ರೇಷ್ಮೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಗೂಡಿನ ಮಾರುಕಟ್ಟೆ ನಂಬಿದ ಮನೆಗಳಿಗೆ ಅದು ದೊಡ್ಡ ಪೆಟ್ಟು. ಆ ವರ್ಷದ ಅಧಿವೇಶನಗಳ ದಾಖಲೆ ತೆಗೆದು, ರೇಷ್ಮೆ ಬೆಳೆಯುವ ಕ್ಷೇತ್ರಗಳ ಸಂಸದರು ಏನು ಮಾತಾಡಿದರು ಎಂದು ಪಕ್ಕ ಪಕ್ಕದಲ್ಲಿ ಬರೆಯಿರಿ. ಹೀಗೆ ಒಂದೇ ವಿಷಯ ಹಿಡಿದು ಓದಿದರೆ ಯಾರು ನಮ್ಮ ಪರ ನಿಂತರು ಎಂಬುದು ಹಾಜರಾತಿ ಲೆಕ್ಕಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ.

ಹೆಜ್ಜೆ 6: ಎಂಪಿ ಫಂಡ್

1993ರಲ್ಲಿ ಶುರುವಾದ ಯೋಜನೆ. ಈಗ ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ. ದುಡ್ಡು ಅವರ ಕೈಗೆ ಬರುವುದಿಲ್ಲ, ಅವರು ಕಾಮಗಾರಿ ಶಿಫಾರಸು ಮಾಡುತ್ತಾರೆ, ಜಿಲ್ಲಾಡಳಿತ ಮಾಡಿಸುತ್ತದೆ. ನಿಮ್ಮ ಹೋಬಳಿಗೆ ಏನು ಬಂತು ಎಂಬ ವಿವರ ಜಾಲತಾಣದಲ್ಲಿ ಸಿಗದಿದ್ದರೆ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ಕೊರೊನಾ ಕಾಲದಲ್ಲಿ ಯೋಜನೆಯನ್ನೇ ನಿಲ್ಲಿಸಿದ್ದರು. ಆ ವರ್ಷಗಳ ಖಾಲಿ ಸಾಲಿಗೆ ಎಂಪಿಯನ್ನು ದೂರಬೇಡಿ.

ಹೆಜ್ಜೆ 7: ಹಿರಿಯರನ್ನು ಮಾತಾಡಿಸಿ

ಇದನ್ನು ಕೊನೆಗೆ ಇಟ್ಟಿದ್ದಕ್ಕೆ ಕಾರಣ ಇದೆ. ಇಸವಿ, ಹೆಸರು ನಿಮ್ಮ ಕೈಯಲ್ಲಿ ಇದ್ದರೆ ಮಾತು ಚೆನ್ನಾಗಿ ಹೊರಡುತ್ತದೆ. 'ಆಗ ಯಾರು ಗೆದ್ದಿದ್ರು?' ಎಂದು ಕೇಳಬೇಡಿ, ಅದು ಕಾಗದದಲ್ಲಿದೆ. ಮತಗಟ್ಟೆ ಎಷ್ಟು ದೂರ ಇತ್ತು, ಹೆಂಗಸರು ಹೋಗುತ್ತಿದ್ದರಾ, ಕೇರಿಯವರು ಯಾವ ಸಾಲಿನಲ್ಲಿ ನಿಲ್ಲುತ್ತಿದ್ದರು, ಗೆದ್ದ ಮೇಲೆ ಎಂಪಿ ಊರಿಗೆ ಬಂದಿದ್ದರಾ ಎಂದು ಕೇಳಿ. ಇವು ಯಾವ ವರದಿಯಲ್ಲೂ ಇಲ್ಲ.

ಬರೆದದ್ದನ್ನು ಏನು ಮಾಡಬೇಕು?

ಪಂಚಾಯಿತಿ ಲೈಬ್ರರಿಗೆ ಒಂದು ಪ್ರತಿ ಕೊಡಿ. ಇನ್ನೊಂದು ಪ್ರತಿ ನಿಮ್ಮ ಹತ್ತಿರ ಜೋಪಾನವಾಗಿರಲಿ, ಅದಕ್ಕೆ ಕೆಲಸ ಇದೆ. ರಾಜ್ಯಗಳ ಲೋಕಸಭಾ ಸ್ಥಾನಗಳ ಸಂಖ್ಯೆ 1971ರ ಜನಗಣತಿಗೆ ಕಟ್ಟಿಹಾಕಿದ್ದಾಗಿದೆ. ಮೊದಲು 1976ರ ತಿದ್ದುಪಡಿ, ಆಮೇಲೆ 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿದ ಇನ್ನೊಂದು ತಿದ್ದುಪಡಿ. ಮುಂದಿನ ಮರುವಿಂಗಡಣೆ ಬಂದಾಗ ಹೋಬಳಿಗಳು ಮತ್ತೆ ಆಚೀಚೆ ಆಗುತ್ತವೆ. ಕಳೆದ ಬಾರಿ, 2002ರ ಕಾಯ್ದೆಯಲ್ಲಿ, ಆಯೋಗ ಕರಡು ಪ್ರಕಟಿಸಿ ಜನರ ಆಕ್ಷೇಪಣೆ ಕರೆಯಬೇಕು, ಬಹಿರಂಗ ಸಭೆ ನಡೆಸಬೇಕು ಎಂದಿತ್ತು. ಅಂತಿಮ ಆದೇಶ ಗೆಜೆಟ್‌ನಲ್ಲಿ ಬಂದ ಮೇಲೆ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿರಲಿಲ್ಲ. ಅಂದರೆ ಹೇಳುವುದನ್ನೆಲ್ಲ ಕರಡು ಬಂದಾಗಲೇ ಹೇಳಬೇಕು. ಆಕ್ಷೇಪಣೆಯ ಜೊತೆ ಒಂದು ಪುಟ ಲಗತ್ತಿಸಿ: 1952ರಿಂದ ನಿಮ್ಮ ಹೋಬಳಿ ಎಲ್ಲೆಲ್ಲಿ ಇತ್ತು, ಜನ ಸಂತೆಗೆ, ಆಸ್ಪತ್ರೆಗೆ, ಕಚೇರಿಗೆ ಯಾವ ಕಡೆ ಹೋಗುತ್ತಾರೆ, ಹಿಂದಿನ ಬದಲಾವಣೆಯಿಂದ ಏನು ತೊಂದರೆಯಾಯಿತು. ನೋಟ್‌ಬುಕ್ಕಿನಲ್ಲಿ ಅದೆಲ್ಲ ಸಿದ್ಧವಾಗಿ ಇರುತ್ತದೆ.